ಮೂರರಿಂದ ಆರು ವರ್ಷದ ಮಕ್ಕಳ ಕರಕುಶಲ ಪೆಟ್ಟಿಗೆ: ಆರು ವಾರಗಳ ಬಳಕೆಯ ನಂತರ

ಮೂರರಿಂದ ಆರು ವರ್ಷದ ಮಕ್ಕಳಿಗೆಂದು ತಯಾರಾದ, ಹನ್ನೆರಡು ಚಟುವಟಿಕೆಗಳ ಸಾಮಗ್ರಿಯನ್ನು ಒಟ್ಟಿಗೆ ತುಂಬಿಕೊಡುವ ಕರಕುಶಲ ಪೆಟ್ಟಿಗೆಯೊಂದನ್ನು ನಾಲ್ಕು ವರ್ಷದ ಮಗಳು ಮತ್ತು ಆರು ತುಂಬುತ್ತಿರುವ ಮಗನ ಜೊತೆ ಕುಳಿತು ಆರು ವಾರ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಬಣ್ಣದ ಕಾಗದ, ಮೊದಲೇ ಕತ್ತರಿಸಿದ ರಟ್ಟಿನ ತುಂಡುಗಳು, ಕ್ರೇಯಾನ್, ಅಂಟು, ಕತ್ತರಿ, ಮರದ ಮಣಿ ಮತ್ತು ದಾರ, ಮೂರು ಬಣ್ಣದ ಕ್ಲೇ, ನೀರಿನ ಪ್ರಯೋಗಕ್ಕೆ ಬೇಕಾದ ಬಣ್ಣ ಹಾಗೂ ಹೀರುವ ಕಾಗದ, ಜೊತೆಗೊಂದು ಸಚಿತ್ರ ಕೈಪಿಡಿ, ಇಷ್ಟು ಅದರೊಳಗಿವೆ. ಕತ್ತರಿಯೊಂದನ್ನು ಬಿಟ್ಟರೆ ಸಾಮಗ್ರಿಯ ಗುಣಮಟ್ಟ ಚೆನ್ನಾಗಿಯೇ ಇದೆ. ನನ್ನ ತಕರಾರು ಬೇರೆಯದು: ಮಗುವಿನ ಕೈ ಮಾಡಬೇಕಾದ ಕೆಲಸವನ್ನು ಈ ಪೆಟ್ಟಿಗೆ ಹಲವು ಕಡೆ ತಾನೇ ಮಾಡಿ ಮುಗಿಸಿದೆ.

ಮೊದಲ ನಾಲ್ಕು ಚಟುವಟಿಕೆಗಳು ಇದೇ ಬಗೆಯವು. ಗೂಬೆಯ ಮುಖವಾಡದ ಕಣ್ಣು, ಕೊಕ್ಕು, ಗರಿಗಳೆಲ್ಲ ಯಂತ್ರದಲ್ಲಿ ಕತ್ತರಿಸಿ ಬಂದಿವೆ, ಹಿಂಬದಿಗೆ ಅಂಟೂ ಇದೆ. ಮೇಲಿನ ತೆಳು ಕಾಗದವನ್ನು ಸುಲಿದು ಗುರುತು ಮಾಡಿದ ಜಾಗದಲ್ಲಿ ಒತ್ತುವುದಷ್ಟೇ ಮಗುವಿನ ಪಾಲಿಗೆ ಉಳಿದ ಕೆಲಸ. ಮಗ ಏಳು ನಿಮಿಷದಲ್ಲಿ ಮುಗಿಸಿ, ಇನ್ನೇನು ಮಾಡಲಿ ಎಂದು ಕೇಳಿದ. ಮುಖವಾಡ ಅಚ್ಚುಕಟ್ಟಾಗಿತ್ತು, ಆದರೆ ಅದನ್ನು ಅವನು ಮತ್ತೆ ಕೈಗೆತ್ತಿಕೊಳ್ಳಲಿಲ್ಲ. 1837ರಲ್ಲಿ ಜರ್ಮನಿಯ ಬಾದ್ ಬ್ಲಾಂಕೆನ್‌ಬರ್ಗ್‌ನಲ್ಲಿ ಚಿಕ್ಕ ಮಕ್ಕಳಿಗಾಗಿ ಸಂಸ್ಥೆಯನ್ನು ತೆರೆದ ಫ್ರೀಡ್ರಿಕ್ ಫ್ರೋಬೆಲ್ ಕಾಗದ ಮಡಚುವುದನ್ನೂ ಕಾಗದದ ಪಟ್ಟಿ ಹೆಣೆಯುವುದನ್ನೂ ಮಕ್ಕಳ ಕಲಿಕೆಯ ಭಾಗವಾಗಿಸಿದವರು. ಆ ಕೈಕೆಲಸಗಳಲ್ಲಿ ಸಾದಾ ಕಾಗದಕ್ಕೆ ರೂಪ ಕೊಡುವುದು ಮಗುವಿನದೇ ಕೆಲಸ. ಇದೇ ಪೆಟ್ಟಿಗೆಯ ಐದನೆಯ ಚಟುವಟಿಕೆಯಲ್ಲಿ ಅಂಥ ಇಪ್ಪತ್ತು ಸಾದಾ ಚೌಕಗಳಿವೆ. ಮೂಲೆಗೆ ಮೂಲೆ ಸರಿಯಾಗಿ ಕೂಡಿಸಿ ಮಡಿಕೆಯನ್ನು ಉಗುರಿನಿಂದ ತೀಡುವುದನ್ನು ಕಲಿಯಲು ಮಗಳಿಗೆ ಮೂರು ದಿನ ಹಿಡಿಯಿತು. ಆ ಮೂರೂ ದಿನ ಅವಳು ತಾನಾಗಿಯೇ ಬಂದು ಕುಳಿತಳು.

ಕತ್ತರಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ವಯಸ್ಸಿನ ಕೈಕೆಲಸದಲ್ಲಿ ಅದಕ್ಕಿಂತ ಮುಖ್ಯವಾದ ಸಾಧನ ನನಗೆ ಕಾಣುತ್ತಿಲ್ಲ. ಸಾಮಾನ್ಯವಾಗಿ ಮೂರು ವರ್ಷದ ಆಸುಪಾಸಿನಲ್ಲಿ ಮಕ್ಕಳು ಕಾಗದದ ಅಂಚನ್ನು ಚೂರುಚೂರಾಗಿ ಕತ್ತರಿಸತೊಡಗುತ್ತಾರೆ, ನಾಲ್ಕರ ಹೊತ್ತಿಗೆ ನೇರ ಗೆರೆಯನ್ನು ಹಿಡಿದು ಸಾಗುತ್ತಾರೆ, ವೃತ್ತ ಕತ್ತರಿಸಲು ಇನ್ನೂ ಕೆಲವು ತಿಂಗಳು ಬೇಕಾಗುತ್ತದೆ. ವೃತ್ತ ಕಷ್ಟವಾಗುವುದು ಕತ್ತರಿ ಹಿಡಿದ ಕೈಯಿಂದಲ್ಲ, ಅದೇ ಹೊತ್ತಿಗೆ ಇನ್ನೊಂದು ಕೈ ಕಾಗದವನ್ನು ತಿರುಗಿಸುತ್ತ ಹೋಗಬೇಕಾದ್ದರಿಂದ. ಪೆಟ್ಟಿಗೆಯಲ್ಲಿರುವ ಕತ್ತರಿಯ ಅಲಗುಗಳು ಪೂರ್ತಿ ಪ್ಲಾಸ್ಟಿಕ್ಕಿನವು. ಸುರಕ್ಷತೆಗೆಂದು ಹಾಗೆ ಮಾಡಿರಬಹುದು, ಆದರೆ ತೆಳು ಕಾಗದ ಅದರ ನಡುವೆ ಕತ್ತರಿಸಿಕೊಳ್ಳದೆ ಮಡಚಿಕೊಳ್ಳುತ್ತದೆ, ತಪ್ಪು ತನ್ನದೇ ಎಂದು ಮಗು ಭಾವಿಸುತ್ತದೆ. ತುದಿ ದುಂಡಗಿರುವ, ಲೋಹದ ಅಲಗಿನ ಮಕ್ಕಳ ಕತ್ತರಿ ಇದಕ್ಕಿಂತ ಎಷ್ಟೋ ಮೇಲು.

ಮಗಳು ಎಡಗೈಯವಳಾದ್ದರಿಂದ ತೊಂದರೆ ಇಮ್ಮಡಿಯಾಯಿತು. ಬಲಗೈಯವರ ಕತ್ತರಿಯನ್ನು ಎಡಗೈಯಲ್ಲಿ ಹಿಡಿದಾಗ ಮೇಲಿನ ಅಲಗು ಕತ್ತರಿಸಬೇಕಾದ ಗೆರೆಯನ್ನು ಮರೆಮಾಡುತ್ತದೆ, ಅಷ್ಟೇ ಅಲ್ಲದೆ ಹೆಬ್ಬೆರಳು ಸಹಜವಾಗಿ ಕೊಡುವ ಒತ್ತಡ ಎರಡು ಅಲಗುಗಳನ್ನು ಒಂದಕ್ಕೊಂದು ಅಂಟಿಸುವ ಬದಲು ಬೇರ್ಪಡಿಸುತ್ತದೆ. ಹಿಡಿಯ ಆಕಾರ ಬದಲಿಸಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ಎಡಗೈ ಕತ್ತರಿಯಲ್ಲಿ ಅಲಗುಗಳ ಜೋಡಣೆಯೇ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರಬೇಕು. ಎರಡೂ ಕೈಗೆ ಆಗುತ್ತದೆ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಮಾತು ಹಿಡಿಗೆ ಮಾತ್ರ ಅನ್ವಯಿಸುತ್ತದೆ. ಬೇರೆ ಎಡಗೈ ಕತ್ತರಿ ತಂದುಕೊಟ್ಟ ದಿನ, ಒಂದೇ ಹಿಡಿತಕ್ಕೆ ತುಂಡಾಗುವಷ್ಟು ಕಿರಿದಾದ ದಪ್ಪ ಕಾಗದದ ಪಟ್ಟಿಗಳನ್ನು ಅವಳು ಒಂದಾದ ಮೇಲೊಂದರಂತೆ ಕತ್ತರಿಸಿ ಬಟ್ಟಲು ತುಂಬಿಸಿದಳು. ಆ ಚೂರುಗಳೇ ಮಾರನೆಯ ದಿನ ಅಂಟುಚಿತ್ರಕ್ಕೆ ಒದಗಿದವು.

ಮಣಿ ಪೋಣಿಸುವ ಚಟುವಟಿಕೆಯನ್ನು ಮನಸಾರೆ ಮೆಚ್ಚುತ್ತೇನೆ. ದಾರದ ತುದಿ ಗಟ್ಟಿಯಾಗಿದೆ, ಮಣಿಯ ತೂತು ಅಗಲವಾಗಿದೆ, ಎರಡು ಕೆಂಪು ಒಂದು ನೀಲಿ ಎಂಬಂಥ ಮಾದರಿಗಳನ್ನು ಮುಂದುವರಿಸುವ ಕಾರ್ಡುಗಳು ಕ್ರಮವಾಗಿ ಕಠಿಣವಾಗುತ್ತವೆ. ಅಂತರರಾಷ್ಟ್ರೀಯ ಆಟಿಕೆ ಮಾನದಂಡ ಐಎಸ್‌ಒ 8124ರಲ್ಲಿ ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಬಿಡಿಭಾಗಗಳನ್ನು ಪರೀಕ್ಷಿಸಲು 31.7 ಮಿಲಿಮೀಟರ್ ವ್ಯಾಸದ ಕೊಳವೆಯೊಂದಿದೆ. ಒತ್ತಾಯವಿಲ್ಲದೆ ಅದರೊಳಗೆ ಪೂರ್ತಿ ಇಳಿಯುವ ವಸ್ತು ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ಚಿಕ್ಕದೆಂದೇ ಲೆಕ್ಕ. ಈ ಮಣಿಗಳು ಅದಕ್ಕಿಂತ ಸಾಕಷ್ಟು ಚಿಕ್ಕವು. ಮನೆಯಲ್ಲಿ ಇನ್ನೂ ಚಿಕ್ಕ ಮಗುವಿದ್ದರೆ ಈ ಚಟುವಟಿಕೆ ಮೇಜಿನ ಮೇಲೆಯೇ ಆರಂಭವಾಗಿ ಅಲ್ಲಿಯೇ ಮುಗಿಯಬೇಕು.

ನೀರು ಹೀರಿ ಉಬ್ಬುವ ಜೆಲ್ ಮಣಿಗಳ ಪೊಟ್ಟಣವನ್ನು ಮಾತ್ರ ನಾನು ತೆರೆಯದೆಯೇ ತೆಗೆದಿಟ್ಟೆ. ಒಣಗಿದಾಗ ಸಾಸಿವೆಯಷ್ಟಿರುವ ಇವುಗಳನ್ನು ಮಗು ನುಂಗಿದರೆ ಹೊಟ್ಟೆಯೊಳಗೆ ಉಬ್ಬಿ ಕರುಳಿಗೆ ಅಡ್ಡಲಾಗಬಲ್ಲವು, ಮೇಲಾಗಿ ಸಾಮಾನ್ಯ ಎಕ್ಸ್‌ರೇಯಲ್ಲಿ ಅವು ಕಾಣಿಸದೆಯೂ ಇರಬಹುದು. ಸ್ಪರ್ಶದ ಆಟಕ್ಕೆ ಮರಳು, ನೀರು, ಬಟ್ಟೆಯ ತುಂಡುಗಳು ಇರುವಾಗ ಮೂರು ವರ್ಷದವರ ಪೆಟ್ಟಿಗೆಯಲ್ಲಿ ಇದನ್ನು ಇಡಲು ಯಾವ ಸಮರ್ಥನೆಯೂ ಇಲ್ಲ.

ಕ್ಲೇ ಮೃದುವಾಗಿದೆ, ಕೈಗೆ ಬಣ್ಣ ಅಂಟುವುದಿಲ್ಲ, ಆದರೆ ಪ್ರಮಾಣ ತೀರ ಕಡಿಮೆ. ಎರಡು ಪಾಲು ಹಿಟ್ಟು, ಒಂದು ಪಾಲು ಉಪ್ಪು, ಸುಮಾರು ಒಂದು ಪಾಲು ನೀರು ಬೆರೆಸಿ ನಾದಿದರೆ ಮನೆಯಲ್ಲಿಯೇ ಒಳ್ಳೆಯ ಮಿಶ್ರಣ ಸಿದ್ಧವಾಗುತ್ತದೆ; ಅದರಲ್ಲಿ ಉಪ್ಪು ವಿಪರೀತವಾಗಿರುವುದರಿಂದ ಮಗು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು.

ನೀರಿನ ಪ್ರಯೋಗ ಈ ಪೆಟ್ಟಿಗೆಯ ಅತ್ಯುತ್ತಮ ಭಾಗ. ಹಳದಿ ಮತ್ತು ನೀಲಿ ನೀರಿನ ಎರಡು ಲೋಟಗಳ ನಡುವೆ ಖಾಲಿ ಲೋಟವೊಂದನ್ನಿಟ್ಟು, ಎರಡೂ ಕಡೆಯಿಂದ ಹೀರುವ ಕಾಗದದ ಪಟ್ಟಿಗಳನ್ನು ಅದಕ್ಕೆ ಇಳಿಬಿಟ್ಟರೆ, ನೀರು ಕಾಗದದ ನಾರುಗಳ ನಡುವಿನ ಸೂಕ್ಷ್ಮ ಸಂದುಗಳಲ್ಲಿ ಏರಿ, ಅಂಚು ದಾಟಿ, ನಡುವಿನ ಲೋಟದಲ್ಲಿ ಹಸಿರಾಗಿ ಸೇರುತ್ತದೆ. ಕೈಪಿಡಿ ಇದನ್ನು ಜಾದೂ ಎಂದು ಕರೆದು ಸುಮ್ಮನಾಗಿದೆ. ನಾನು ಕಾರಣ ಹೇಳುವ ಮೊದಲೇ ಮಗ ಬಟ್ಟೆಯ ಪಟ್ಟಿಯನ್ನೂ ಪ್ಲಾಸ್ಟಿಕ್ ಪಟ್ಟಿಯನ್ನೂ ತಂದು ಇಳಿಬಿಟ್ಟು, ಬಟ್ಟೆಯಲ್ಲಿ ನೀರು ಏರಿತು, ಪ್ಲಾಸ್ಟಿಕ್ಕಿನಲ್ಲಿ ಏರಲಿಲ್ಲ ಎಂದು ವರದಿ ಮಾಡಿದ. ಅಷ್ಟು ದೂರ ತಾನಾಗಿ ಹೋಗಬಲ್ಲ ಮಗುವಿಗೆ ಕೈಪಿಡಿ ಕೊಡಬೇಕಿದ್ದದ್ದು ಮುಂದಿನ ಪ್ರಶ್ನೆಯನ್ನು.

ಕೈಪಿಡಿಯ ಇನ್ನೊಂದು ಕೊರತೆ, ಪ್ರತಿ ಪುಟದಲ್ಲೂ ದೊಡ್ಡವರ ಕೈಯಿಂದಾದ, ಒಂದಿಷ್ಟೂ ಓರೆಯಿಲ್ಲದ ಸಿದ್ಧ ವಸ್ತುವಿನ ಚಿತ್ರವಿರುವುದು. ತನ್ನ ಮೀನು ಅದರಂತಿಲ್ಲ ಎಂದು ಮಗಳು ಎರಡು ಬಾರಿ ಹರಿದು ಹಾಕಿದಳು. 1907ರಲ್ಲಿ ರೋಮ್‌ನಲ್ಲಿ ಮೊದಲ ಮಕ್ಕಳ ಮನೆಯನ್ನು ತೆರೆದ ಮಾರಿಯಾ ಮಾಂಟೆಸರಿ, ತಪ್ಪು ಯಾವುದೆಂಬುದನ್ನು ಸಾಮಗ್ರಿಯೇ ಮಗುವಿಗೆ ತಿಳಿಸುವಂತೆ ತಮ್ಮ ಉಪಕರಣಗಳನ್ನು ರೂಪಿಸಿದ್ದರು: ತನ್ನದಲ್ಲದ ಕುಳಿಯಲ್ಲಿ ಮರದ ಉರುಳೆ ಕೂರುವುದಿಲ್ಲ. ಮಣಿಯ ಕಾರ್ಡಿನಲ್ಲಿ ಅಂಥ ಗುಣವಿದೆ, ಮೀನಿನ ಚಿತ್ರದಲ್ಲಿಲ್ಲ. ಮೂರನೆಯ ಬಾರಿ ಪುಟದ ಆ ಭಾಗವನ್ನು ಮಡಚಿಟ್ಟು, ಮಾಡುವ ಕ್ರಮವನ್ನಷ್ಟೇ ಓದಿ ಹೇಳಿದೆ. ಅವಳ ಮೀನಿಗೆ ಆರು ಕಾಲು ಬಂದವು, ಹರಿಯುವ ಮಾತು ಬರಲಿಲ್ಲ.

ಮೂರು ವರ್ಷದ ಮಗುವಿಗೆಂದು ಇದನ್ನು ಕೊಳ್ಳಲು ನಾನು ಹೇಳುವುದಿಲ್ಲ. ನಾಲ್ಕೂವರೆ ದಾಟಿದ, ಬಲಗೈ ಬಳಸುವ ಮಗುವಿದ್ದು, ಪಕ್ಕದಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಬಲ್ಲ ದೊಡ್ಡವರಿದ್ದರೆ ಹನ್ನೆರಡರಲ್ಲಿ ಏಳು ಚಟುವಟಿಕೆಗಳು ಚೆನ್ನಾಗಿ ಸಾಗುತ್ತವೆ. ಕಾಗದದ ಚೌಕಗಳು ಎರಡನೆಯ ವಾರದಲ್ಲಿ, ಕ್ಲೇ ಮೂರನೆಯ ವಾರದಲ್ಲಿ ಮುಗಿದವು. ಇವನ್ನು ಬಿಡಿಯಾಗಿ ಕೊಡುವಿರಾ ಎಂದು ತಯಾರಕರನ್ನು ಕೇಳಿದಾಗ, ಬಿಡಿಯಾಗಿ ಸಿಗುವುದು ಮುಖವಾಡದ ತುಂಡುಗಳು ಮಾತ್ರ ಎಂಬ ಉತ್ತರ ಬಂದಿತು. ಎರಡನೆಯ ಪೆಟ್ಟಿಗೆಯನ್ನು ನಾವು ತರಿಸಲಿಲ್ಲ.