ಹಳೇ ಚೈನ್‌ಸಾ ‘ಪಿಕಪ್’ ಮಾಡಿಸೋ ಮುಂಚೆ ಇದನ್ನೊಮ್ಮೆ ಓದಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಮರ ಕೊಯ್ಯುವ ಕೆಲಸ ಮಾಡುವವರಿಗೆ, ಹೊಲದ ಕೆಲಸಕ್ಕೆ ಅಂತ ಚೈನ್‌ಸಾ ಇಟ್ಟುಕೊಂಡಿರುವ ರೈತರಿಗೆ ಈ ಬರಹ. ನಿಮ್ಮ ಹಳೇ ಮಷೀನನ್ನು ಹೊಸ ಮಾಡೆಲ್‌ಗಿಂತ ಜೋರು ಮಾಡಿ ಕೊಡ್ತೀನಿ ಅಂತ ಯಾರಾದರೂ ಬೈಕ್ ಮೆಕ್ಯಾನಿಕ್ ಹೇಳಿದರೆ, ಅವನ ಕೈಗೆ ಕೊಡೋ ಮುಂಚೆ ಪೂರ್ತಿ ಓದಿ. ನಮ್ಮ ಕಾಕಾನ ಮಷೀನ್ ಹೀಗೇ ಹೋಯಿತು. ಗ್ಯಾರೇಜಿನ ಹೆಸರು ಹೇಳುವುದಿಲ್ಲ, ಕೇಳಬೇಡಿ. ಅಲ್ಲಿ ಏನೇನು ಮಾಡಿದರು ಅನ್ನೋದು ಗೊತ್ತಾದರೆ ಸಾಕು. ಅದೇ ಕೆಲಸ ಮಾಡುವವರು ಊರಿಗೊಬ್ಬರು ಇದ್ದಾರೆ.

ಮಷೀನ್ 70 ಸಿಸಿ ಆಸುಪಾಸಿನ ಹಳೇ ದೊಡ್ಡ ಮಾಡೆಲ್. ಕಂಪನಿ ಹೆಸರೂ ಬೇಡ, ಇದರಲ್ಲಿ ಕಂಪನಿಯ ತಪ್ಪೇನೂ ಇಲ್ಲ. ಚಿತ್ತಾಪುರ, ಸೇಡಂ, ಕಮಲಾಪುರ ಸುತ್ತಮುತ್ತ ಬದುವಿನ ಬಳ್ಳಾರಿ ಜಾಲಿ, ಗಾಳಿಗೆ ಬಿದ್ದ ಬೇವು, ಒಣಗಿ ನಿಂತ ಹುಣಸೆ, ಎಲ್ಲಾ ಅದರಲ್ಲೇ ಕೊಯ್ದಿದ್ದು. ಒಂದು ಸಲ ಹುಣಸೆ ಮರದ ಕೆಲಸಕ್ಕೆ ಇನ್ನೊಂದು ಗ್ಯಾಂಗ್ ಕೂಡ ಬಂದಿತ್ತು. ಅವರ ಕೈಯಲ್ಲಿ 50 ಸಿಸಿಯ ಹೊಸ ಮಾಡೆಲ್. ಅಷ್ಟೇ ದಪ್ಪದ ಕೊಂಬೆಯನ್ನು ಅವರು ಕೊಯ್ದು ಕೆಳಗೆ ಬೀಳಿಸಿದರೂ ನಮ್ಮದು ಇನ್ನೂ ಅರ್ಧದಲ್ಲೇ ಹೊಗೆ ಬಿಡುತ್ತಿತ್ತು. ಹುಡುಗರು ನಕ್ಕರು. ಕಾಕಾನಿಗೆ ಅದು ಬಹಳ ಹತ್ತಿತು.

ಹೊಸ ಮಾಡೆಲ್‌ಗಳಲ್ಲಿ ಅಂಥದ್ದೇನಿದೆ ಅಂತ ಕೇಳಬಹುದು. ಸ್ಟಿಲ್‌ನವರು 2-ಮಿಕ್ಸ್ ಅಂತಾರೆ, ಹಸ್ಕ್‌ವರ್ನಾದವರು ಎಕ್ಸ್-ಟಾರ್ಕ್ ಅಂತಾರೆ. ಎರಡರ ಉಪಾಯವೂ ಒಂದೇ. ಹಳೇ ಟೂ ಸ್ಟ್ರೋಕಿನಲ್ಲಿ ಸುಟ್ಟ ಹೊಗೆಯನ್ನು ಆಚೆ ದೂಡುವುದು ಹೊಸದಾಗಿ ಒಳಗೆ ಬರುವ ಪೆಟ್ರೋಲ್ ಮಿಶ್ರಣವೇ. ಹಾಗಾಗಿ ಅದರಲ್ಲಿ ಒಂದಿಷ್ಟು ಸುಡದೇ ಸೈಲೆನ್ಸರ್‌ನಿಂದ ಹೊರಟು ಹೋಗುತ್ತದೆ. ಹೊಸದರಲ್ಲಿ ಮೊದಲು ಬರೀ ಗಾಳಿ ಬಂದು ಹೊಗೆಯನ್ನು ದೂಡುತ್ತದೆ, ಪೆಟ್ರೋಲ್ ಅದರ ಹಿಂದೆ ಬರುತ್ತದೆ. 20% ವರೆಗೆ ಪೆಟ್ರೋಲ್ ಉಳಿಯುತ್ತದೆ ಅಂತ ಕಂಪನಿಗಳು ಹೇಳಿಕೊಳ್ಳುತ್ತವೆ. ಎಂ-ಟ್ರಾನಿಕ್, ಆಟೋಟ್ಯೂನ್ ಇರುವ ಮಾಡೆಲ್‌ಗಳಲ್ಲಿ ಕಾರ್ಬೊರೇಟರ್ ಸೆಟ್ಟಿಂಗನ್ನೂ ಮಷೀನೇ ನೋಡಿಕೊಳ್ಳುತ್ತದೆ. ಒಳ್ಳೆಯದೇ. ಆದರೆ 50 ಸಿಸಿ ಮಷೀನ್ 70 ಸಿಸಿಯನ್ನು ಹಿಂದೆ ಹಾಕೋಕೆ ಇಷ್ಟು ಸಾಲದು. ಅವರ ಚೈನ್ ಹೊಸದು, ಬಾರ್ (ಚೈನ್ ಸುತ್ತುವ ಉದ್ದನೆ ಪಟ್ಟಿ) 18 ಇಂಚು. ನಮ್ಮದು 25 ಇಂಚಿನ ಬಾರ್, ಮುಳ್ಳುತಂತಿ, ಮೊಳೆ ಎಲ್ಲಾ ತಿಂದು ಮೊಂಡಾದ ಚೈನ್. ಅಷ್ಟೇ ವ್ಯತ್ಯಾಸ. ಗ್ಯಾರೇಜಿನಲ್ಲಿ ಯಾರೂ ಚೈನ್ ಕಡೆ ತಿರುಗಿ ಕೂಡ ನೋಡಲಿಲ್ಲ.

ಗ್ಯಾರೇಜಿನ ಉಸ್ತಾದ್ ಆರ್‌ಎಕ್ಸ್ 100 ಕೆಲಸಕ್ಕೆ ಹೆಸರಾದವನು. ಅದು ಸುಳ್ಳಲ್ಲ. 1996ರಲ್ಲೇ ತಯಾರಿಕೆ ನಿಂತುಹೋದ ಆ ಯಮಹಾ ಬೈಕನ್ನು ಇವತ್ತಿಗೂ ರಿಂಗ್ ರೋಡಿನಲ್ಲಿ ಹಾರಿಸುವ ಹುಡುಗರು ಇವನ ಹತ್ತಿರವೇ ಬರುತ್ತಾರೆ. ಅವನು ಹೇಳಿದ ಮಾತು ಇದು: “ಕಾಕಾ, ಅದೂ ಟೂ ಸ್ಟ್ರೋಕೇ, ಇದೂ ಟೂ ಸ್ಟ್ರೋಕೇ. ಸೈಲೆನ್ಸರ್ ಓಪನ್ ಮಾಡಿ, ಕಂಪ್ರೆಷನ್ ಏರಿಸಿ ಕೊಡ್ತೀನಿ. ಹೊಸಾ ಮಷೀನ್ ಇದರ ಮುಂದ ನಿಲ್ಲಂಗಿಲ್ಲ ನೋಡ್ರಿ.” ಮೂರೂವರೆ ಸಾವಿರಕ್ಕೆ ಮಾತಾಯಿತು.

ವಾಪಸ್ ಬಂದಾಗ ಮಷೀನಿನ ಸದ್ದೇ ಬೇರೆ. ಆಕ್ಸಿಲರೇಟರ್ ಒತ್ತಿದರೆ ಕಿವಿ ಸೀಳುವ ಹಾಗೆ ಕೂಗುತ್ತಿತ್ತು. ಮೊದಮೊದಲು ಚೆನ್ನಾಗೇ ಕೊಯ್ಯಿತು ಕೂಡ. ಕಾಕಾ ಖುಷಿಯಾಗಿ ಸಿಕ್ಕವರಿಗೆಲ್ಲ ತೋರಿಸಿದ. ಎಲ್ಲರೂ ಮೋಸ ಹೋಗೋದು ಇಲ್ಲೇ. ಪೆಟ್ರೋಲ್ ಕಡಿಮೆಯಾಗಿ ಗಾಳಿ ಜಾಸ್ತಿಯಾದ ಟೂ ಸ್ಟ್ರೋಕ್ ಎಂಜಿನ್, ಕೆಡುವ ಸ್ವಲ್ಪ ಮುಂಚೆ ಭಾರಿ ಚುರುಕಾಗಿ ಓಡುತ್ತದೆ. ಸದ್ದು ತೆಳ್ಳಗೆ, ಚೂಪಾಗಿ ಕೇಳುತ್ತದೆ. ಬೈಕಿನವರ ಕಿವಿಗೆ ಅದು ‘ಪಿಕಪ್’. ಚೈನ್‌ಸಾ ಗೊತ್ತಿರುವವರು ಆ ಸದ್ದು ಕೇಳಿದರೆ ತಕ್ಷಣ ಬಂದ್ ಮಾಡುತ್ತಾರೆ. ಟೂ ಸ್ಟ್ರೋಕಿನಲ್ಲಿ ಆಯಿಲ್ ಒಳಗೆ ಹೋಗುವುದು ಪೆಟ್ರೋಲ್ ಜೊತೆಗೇ ಅಲ್ವಾ? ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಮೇಲೆ ಬಿಸಿ ಜಾಸ್ತಿ.

ಒಂದು ಮಧ್ಯಾಹ್ನ ಜಾಲಿ ಬುಡ ಕೊಯ್ಯುತ್ತಿದ್ದಾಗ ಸದ್ದು ಇನ್ನೂ ತೆಳುವಾಯಿತು. ಒಂದು ಕೀರಲು ಸದ್ದು ಬಂತು, ಮಷೀನ್ ನಿಂತೇ ಹೋಯಿತು. ಹಗ್ಗ ಎಳೆದರೆ ಅಲುಗಲಿಲ್ಲ. ತಣ್ಣಗಾದ ಮೇಲೆ ಎಳೆದರೆ ಸಲೀಸಾಗಿ ಬಂತು. ಒಳಗೆ ಒತ್ತಡ ಹಿಡಿಯುವ ಕಂಪ್ರೆಷನ್ನೇ ಇರಲಿಲ್ಲ.

ಗ್ಯಾರೇಜಿಗೆ ಹೋದರೆ ಉಸ್ತಾದ್ ಮಷೀನ್ ಬಿಚ್ಚಿ ನೋಡುವ ಮುಂಚೆಯೇ ತೀರ್ಪು ಕೊಟ್ಟ. “ಆಯಿಲ್ ಕಮ್ಮಿ ಹಾಕೀರಿ ನೀವು. ನನ್ನ ಕೆಲಸದಾಗ ಏನೂ ತಪ್ಪಿಲ್ಲ.”

“ಅದೇ ಡಬ್ಬಿ, ಅದೇ ಅಳತಿ ಅದಪಾ,” ಅಂದ ಕಾಕಾ. “ಇಷ್ಟ್ ವರ್ಷ ಏನೂ ಆಗಿದ್ದಿಲ್ಲ. ನಿನ್ನ ಕೈಯಾಗ ಹೋಗಿ ಬಂದ ಮ್ಯಾಲೇ ಹ್ಯಾಂಗ್ ಆತು?”

ಕಾಕಾ ಹಾಕುವುದು ಲೀಟರ್ ಪೆಟ್ರೋಲಿಗೆ 25 ಮಿಲಿ 2ಟಿ ಆಯಿಲ್, ಅಂದರೆ 40:1. ಒಳ್ಳೆ ಆಯಿಲ್ ಇದ್ದರೆ 50:1, ಅಂದರೆ 20 ಮಿಲಿ ಸಾಕು ಅಂತ ದೊಡ್ಡ ಕಂಪನಿಗಳೇ ಹೇಳುತ್ತವೆ. ಹಾಗಾಗಿ ಆಯಿಲ್ ಕಡಿಮೆ ಅನ್ನೋ ಮಾತು ನಿಲ್ಲುವುದಿಲ್ಲ. ಆದರೂ ದುಡ್ಡು ವಾಪಸ್ ಬರಲಿಲ್ಲ.

ಮಷೀನನ್ನು ಬೀದರ್ ಜಿಲ್ಲೆಯಲ್ಲಿ, ಹುಮನಾಬಾದ್ ಕಡೆ, ಚೈನ್‌ಸಾ ಮತ್ತು ಬ್ರಷ್ ಕಟರ್ ಮಾತ್ರ ರಿಪೇರಿ ಮಾಡುವ ಒಬ್ಬರ ಹತ್ತಿರ ಒಯ್ದೆವು. ಅವರು ಪೇಪರ್ ಹಾಸಿ ಒಂದೊಂದೇ ಬಿಚ್ಚಿಟ್ಟರು. ಪಿಸ್ಟನ್ನಿನ ಒಂದೇ ಬದಿ, ಸೈಲೆನ್ಸರ್ ಕಡೆಯ ಬದಿ, ಮೇಲಿಂದ ಕೆಳಗೆ ಉದ್ದುದ್ದ ಗೀರು. ರಿಂಗ್ ತನ್ನ ಜಾಗದಲ್ಲೇ ಸಿಕ್ಕಿಕೊಂಡು ಉಗುರಿನಿಂದ ಒತ್ತಿದರೂ ಅಲುಗಲಿಲ್ಲ. ಪಿಸ್ಟನ್ ತಲೆ ಆಯಿಲಿನ ಪಸೆಯೇ ಇಲ್ಲದೆ ಬೂದಿ ಬಣ್ಣಕ್ಕೆ ತಿರುಗಿತ್ತು. ಎದುರಿನ ಬೆನ್ನು ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ಅವರು ಅದನ್ನು ತಿರುಗಿಸಿ ತೋರಿಸಿ, “ಆಯಿಲ್ ಇರ್ಲಿಲ್ಲ ಅಂದ್ರ ಸುತ್ತಲೂ ಹರೀತಿತ್ರಿ. ಒಂದೇ ಕಡಿ ಹರದದ ಅಂದ್ರ ಬಿಸಿಗೆ ಹೋಗೇದ, ಪೆಟ್ರೋಲ್ ಸಾಲಿಲ್ಲ,” ಅಂದರು. ನಿಮ್ಮ ಮಷೀನ್ ಹೀಗೆ ಪಿಸ್ಟನ್ ಹಿಡಿದುಕೊಂಡು ಸೀಜ್ ಆಗಿ, ಮೆಕ್ಯಾನಿಕ್ ಆಯಿಲ್ ನೆಪ ಹೇಳಿದರೆ, ಪಿಸ್ಟನ್ ಕೈಗೆ ತೆಗೆದುಕೊಂಡು ಎರಡೂ ಬದಿ ನೋಡಿ. ಬಿಚ್ಚುವಾಗ ಅಲ್ಲೇ ನಿಂತಿರಿ.

ಮಿಕ್ಕಿದ್ದು ಒಂದೊಂದಾಗಿ ಹೊರಬಂತು. ಸೈಲೆನ್ಸರ್‌ಗೆ ಡ್ರಿಲ್‌ನಿಂದ ಮೂರು ತೂತು. ಕಿಡಿ ತಡೆಯುವ ಸಣ್ಣ ಜಾಲರಿ ಕಿತ್ತು ಬಿಸಾಕಿದ್ದರು. ಕಂಪ್ರೆಷನ್ ಏರಲಿ ಅಂತ ಸಿಲಿಂಡರ್ ಕೆಳಗಿನ ಪ್ಯಾಕಿಂಗ್ ತೆಗೆದು ಸಿಲಿಕಾನ್ ಪೇಸ್ಟ್ ಬಳಿದಿದ್ದರು. ಆ ಪೇಸ್ಟಿನ ಎಳೆಗಳು ಕ್ರ್ಯಾಂಕ್ ಕಡೆ ಜೋತಾಡುತ್ತಿದ್ದವು. ಫ್ಲೈವೀಲಿನ ಕೀ ಅರದಿಂದ ಉಜ್ಜಿ, ಪ್ಲಗ್ಗಿನ ಕಿಡಿ ಬೇಗ ಹಾರುವ ಹಾಗೆ ಟೈಮಿಂಗ್ ಮುಂದಕ್ಕೆ ತಂದಿದ್ದರು. ಸ್ಟಾರ್ಟ್ ಮಾಡುವಾಗ ಹಗ್ಗ ಹಿಂದಕ್ಕೆ ಕಿತ್ತುಕೊಂಡು ಕಾಕಾನ ಬೆರಳು ಊದಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಕಾರ್ಬೊರೇಟರ್‌ನ ಎಚ್ ಸ್ಕ್ರೂ, ಅಂದರೆ ಜೋರು ಓಟದಲ್ಲಿ ಎಷ್ಟು ಪೆಟ್ರೋಲ್ ಹೋಗಬೇಕು ಅಂತ ನಿಯಂತ್ರಿಸುವ ಸ್ಕ್ರೂ? ಅದನ್ನು ಇನ್ನೂ ಬಲಕ್ಕೆ ತಿರುಗಿಸಿ ಬಿಗಿ ಮಾಡಿದ್ದರು, ಕೂಗು ಬರಲಿ ಅಂತ.

ಈ ಕೊನೆಯದ್ದೇ ಕೊಂದಿದ್ದು. ಸೈಲೆನ್ಸರ್ ಬಾಯಿ ದೊಡ್ಡದಾದರೆ ಎಂಜಿನ್ ಉಸಿರಾಟ ಸಲೀಸಾಗುತ್ತದೆ, ಗಾಳಿ ಜಾಸ್ತಿ ಎಳೆದುಕೊಳ್ಳುತ್ತದೆ. ಆಗ ಪೆಟ್ರೋಲೂ ಜಾಸ್ತಿ ಬೇಕು. ಎಚ್ ಸ್ಕ್ರೂವನ್ನು ಎಡಕ್ಕೆ, ಅಂದರೆ ಸಡಿಲದ ಕಡೆಗೆ ತಿರುಗಿಸಬೇಕು. ಸರಿಯಾದ ಸೆಟ್ಟಿಂಗಿನಲ್ಲಿ, ಬಾರ್ ಮರಕ್ಕೆ ತಾಗದೆ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಸದ್ದು ಸ್ವಲ್ಪ ಒಡೆದು ‘ಬೊರ್‌ಬೊರ್’ ಅನ್ನಬೇಕು. ಚೈನ್ ಮರಕ್ಕೆ ಇಳಿದ ತಕ್ಷಣ ಆ ಒಡಕು ಹೋಗಿ ನುಣ್ಣಗಾಗಬೇಕು. ಇನ್ನೊಂದು ಗೋಜಲು ಇದೆ. ಕೆಲವು ಮಷೀನ್‌ಗಳ ಕಿಡಿ ಕೊಡುವ ಕಾಯಿಲ್‌ನಲ್ಲೇ ವೇಗಕ್ಕೆ ಕಡಿವಾಣ ಇರುತ್ತದೆ, ಅದೂ ಇಂಥದ್ದೇ ಸದ್ದು ಮಾಡುತ್ತದೆ. ಅಲ್ಲಿ ಕಿವಿ ನಂಬಿದರೆ ಕೆಟ್ಟಿರಿ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ಅಂತ ತೋರಿಸುವ ಟ್ಯಾಕೋಮೀಟರ್ ಬೇಕೇಬೇಕು.

ಬೈಕಿನ ವಿದ್ಯೆ ಇಲ್ಲಿ ಯಾಕೆ ನಡೆಯುವುದಿಲ್ಲ ಅಂತ ನಾನು ಬಹಳ ಯೋಚನೆ ಮಾಡಿದೆ. ಆರ್‌ಎಕ್ಸ್ 100 ತನ್ನ ಪೂರ್ತಿ ಶಕ್ತಿ ಕೊಡುವುದು 7,500 ಆರ್‌ಪಿಎಂನಲ್ಲಿ. ಅದೂ ಯಾವಾಗಲೋ ಒಮ್ಮೆ. ಸಿಗ್ನಲ್ ಬರುತ್ತದೆ, ಗೇರ್ ಬದಲಾಗುತ್ತದೆ, ಓಡುವಾಗ ಎದುರುಗಾಳಿ ಎಂಜಿನ್ನನ್ನು ತಣ್ಣಗೆ ಮಾಡುತ್ತದೆ. ದೊಡ್ಡ ಚೈನ್‌ಸಾ ಮರಕ್ಕೆ ತಾಗದೆ 12–13 ಸಾವಿರ ಆರ್‌ಪಿಎಂ ಮುಟ್ಟುತ್ತದೆ, ಮರದೊಳಗೆ ಇಳಿದ ಮೇಲೂ ಪೂರ್ತಿ ಆಕ್ಸಿಲರೇಟರ್ ಮೇಲೇ ಇರುತ್ತದೆ. ಗಾಳಿ ಕೊಡಲು ಇರುವುದು ಫ್ಲೈವೀಲಿನ ರೆಕ್ಕೆ ಮಾತ್ರ. ನಮ್ಮ ಕಡೆ ಮೇ ತಿಂಗಳಲ್ಲಿ 42, 43 ಡಿಗ್ರಿ. ಆ ರೆಕ್ಕೆ ಬೀಸುವುದೂ ಬಿಸಿಗಾಳಿಯನ್ನೇ, ಜೊತೆಗೆ ಮರದ ಪುಡಿ. ಬೈಕಿನಲ್ಲಿ ಹೇಗೋ ತಡೆದುಕೊಂಡು ಓಡುವ ಸೆಟ್ಟಿಂಗ್ ಇಲ್ಲಿ ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವುದರೊಳಗೆ ಪಿಸ್ಟನ್ ತಿನ್ನಬಹುದು.

ಹಳೇ ಮಷೀನಿಗೆ ಇನ್ನೊಂದು ಕಾಯಿಲೆ ಇರುತ್ತದೆ, ಅದು ಹೊರಗೆ ಕಾಣುವುದಿಲ್ಲ. ಕ್ರ್ಯಾಂಕಿನ ಎರಡೂ ಕಡೆಯ ಆಯಿಲ್ ಸೀಲ್ ವರ್ಷ ಕಳೆದಂತೆ ಒಣಗಿ ಗಟ್ಟಿಯಾಗುತ್ತವೆ. ನಮ್ಮದರ ಸೀಲ್ ಬಳೆ ಚೂರಿನ ಹಾಗೆ ಪಟ್ಟನೆ ಮುರಿಯಿತು. ಅಲ್ಲಿಂದ ಕಳ್ಳಗಾಳಿ ಒಳಗೆ ನುಗ್ಗುತ್ತದೆ. ಅದಕ್ಕೆ ಯಾವ ಸ್ಕ್ರೂ ತಿರುಗಿಸಿದರೂ ಪರಿಹಾರ ಇಲ್ಲ, ಸೀಲೇ ಬದಲಾಯಿಸಬೇಕು. ಇಂಥ ಸೋರಿಕೆ ಹಿಡಿಯುವ ಪ್ರೆಷರ್ ಟೆಸ್ಟ್, ವ್ಯಾಕ್ಯೂಮ್ ಟೆಸ್ಟ್ ಮಾಡದೆ ಹಳೇ ಮಷೀನಿನ ಶಕ್ತಿ ಏರಿಸುವುದು ಅಂದರೆ ಸುಮ್ನೆ ಜೂಜು.

ಈಗಿನ ಪೆಟ್ರೋಲನ್ನೂ ಮರೆಯಬೇಡಿ. ಬಂಕಿನಲ್ಲಿ ಸಿಗುತ್ತಿರುವುದು ಇ20, ಅಂದರೆ 20% ಎಥನಾಲ್. ಅದೇ ಸೆಟ್ಟಿಂಗಿನಲ್ಲಿ ಮೊದಲಿನ ಪೆಟ್ರೋಲಿಗಿಂತ ಇದು ಎಂಜಿನ್ನನ್ನು ಗಾಳಿ ಜಾಸ್ತಿಯ ಕಡೆಗೇ ಎಳೆಯುತ್ತದೆ. ಹಳೇ ರಬ್ಬರ್ ಪೈಪು, ಕಾರ್ಬೊರೇಟರ್ ಡಯಾಫ್ರಾಮ್ ಗಟ್ಟಿಯಾಗುತ್ತವೆ ಅಥವಾ ಉಬ್ಬುತ್ತವೆ. ಹಳೇ ಮಷೀನ್‌ಗಳ ಮ್ಯಾನುಯಲ್‌ನಲ್ಲಿ ಎಥನಾಲ್ 10% ಮೀರಬಾರದು ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ಮಳೆಗಾಲದಲ್ಲಿ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟ ಮಿಶ್ರಣ ನೀರು ಹೀರಿರುತ್ತದೆ, ಅದನ್ನು ಹಾಕಲೇಬೇಡಿ.

ಜಾಲರಿ ಕಿತ್ತಿದ್ದರ ಬಗ್ಗೆ ಒಂದು ಮಾತು. ಬೇಸಿಗೆಯಲ್ಲಿ ನಮ್ಮ ಹೊಲಗಳ ಬದುವಿನ ಮೇಲೆ ಏನಿರುತ್ತದೆ ಹೇಳಿ? ಒಣ ಹುಲ್ಲು, ತೊಗರಿ ಕಟ್ಟಿಗೆ. ತೂತು ಮಾಡಿದ ಸೈಲೆನ್ಸರ್‌ನ ಬಿಸಿ ಒಂದು ಸಲ ನೇರ ಹುಲ್ಲಿಗೆ ಹೊಡೆದು ಹೊತ್ತಿಕೊಂಡಿತ್ತು. ಬೇವಿನ ಟೊಂಗೆಯಿಂದ ಬಡಿದು ಆರಿಸಿದೆವು. ಪಕ್ಕದಲ್ಲೇ ಬಣವೆ ಇತ್ತು.

ಹಳೇ ಮಷೀನ್ ಸುಧಾರಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಗೊತ್ತಿರುವವರು ಮಾಡಿದರೆ ಹಳೇ 70 ಸಿಸಿ ಮಷೀನ್ ಹೊಸದಕ್ಕೆ ಭುಜ ಕೊಟ್ಟು ನಿಲ್ಲುತ್ತದೆ. ಆದರೆ ಮೊದಲು ಮೆಕ್ಯಾನಿಕ್‌ನ ಬಾಯಿ ಬಿಡಿಸಿ. ಪ್ಯಾಕಿಂಗ್ ತೆಗೆಯುತ್ತೀನಿ ಅಂದರೆ, ಪಿಸ್ಟನ್ನಿಗೂ ಸಿಲಿಂಡರ್ ತಲೆಗೂ ಎಷ್ಟು ಜಾಗ ಉಳಿಯುತ್ತದೆ ಅಂತ ಕೇಳಿ. ಪ್ಲಗ್ ತೂತಿನಿಂದ ಬೆಸುಗೆ ತಂತಿ ಬಿಟ್ಟು, ಎಂಜಿನ್ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿ ಅಳೆಯಬೇಕು. ಸುಮಾರು 0.5 ಮಿಮೀಗಿಂತ ಕಡಿಮೆ ಇದ್ದರೆ ಜೋರು ಓಟದಲ್ಲಿ ಪಿಸ್ಟನ್ ಹೋಗಿ ಸಿಲಿಂಡರ್ ತಲೆಗೆ ಬಡಿಯುವ ಭಯ ಇದೆ. ಸಿಲಿಂಡರ್ ಕೆಳಗಿಳಿದರೆ ಪೋರ್ಟ್ (ಗಾಳಿ, ಹೊಗೆ ಓಡಾಡುವ ಸಿಲಿಂಡರ್ ಗೋಡೆಯ ಕಿಂಡಿ) ತೆರೆಯುವ ಹೊತ್ತೂ ಬದಲಾಗುತ್ತದೆ, ಅದು ಅವನಿಗೆ ಗೊತ್ತಾ ಕೇಳಿ. ಪೋರ್ಟ್ ಉಜ್ಜಿ ಅಗಲ ಮಾಡುತ್ತೀನಿ ಅಂದರೆ, ಅಂಚು ನುಣ್ಣಗೆ ಮಾಡುತ್ತೀಯಾ ಕೇಳಿ, ಇಲ್ಲದಿದ್ದರೆ ರಿಂಗ್ ಅಲ್ಲಿ ಸಿಕ್ಕಿ ಮುರಿಯುತ್ತದೆ. ಟ್ಯಾಕೋಮೀಟರ್ ತೋರಿಸು ಅನ್ನಿ. “ಕಿವಿ ಮೇಲೆ ಮಾಡ್ತೀನ್ರಿ” ಅಂದರೆ ಮಷೀನ್ ಎತ್ತಿಕೊಂಡು ಮನೆಗೆ ಬನ್ನಿ.

ಮತ್ತೆ, ಅದಕ್ಕೂ ಮುಂಚೆ ಚೈನ್ ನೋಡಿ. 3/8 ಚೈನಿಗೆ (ಇದು ಚೈನಿನ ಕೊಂಡಿಗಳ ಅಳತೆ, ಇಂಚಿನಲ್ಲಿ) ಕಂಪನಿ ನೋಡಿಕೊಂಡು 5.2 ಅಥವಾ 5.5 ಮಿಮೀ ರೌಂಡ್ ಫೈಲ್, .325 ಚೈನಿಗೆ 4.8. ಎಲ್ಲಾ ಹಲ್ಲಿಗೂ ಒಂದೇ ಕೋನ, ಒಂದೇ ಉದ್ದ. ಹಲ್ಲಿನ ಮುಂದಿನ ಗುಬುಟನ್ನು ಹಲ್ಲಿನ ತುದಿಗಿಂತ ಸುಮಾರು 0.65 ಮಿಮೀ ತಗ್ಗಿರುವ ಹಾಗೆ ಇಳಿಸಿ. ತೀರ ಇಳಿಸಿದರೆ ಮಷೀನ್ ಒದೆಯುತ್ತದೆ, ಎಚ್ಚರ. ಬಾರ್ ಆಗಾಗ ತಿರುವಿ ಹಾಕಿ, ಏರ್ ಫಿಲ್ಟರ್ ತೊಳೆಯಿರಿ, ಪೆಟ್ರೋಲ್ ಪೈಪ್ ಬದಲಾಯಿಸಿ. ಹುಮನಾಬಾದಿನ ಆ ಮೇಸ್ತ್ರಿ ನಮ್ಮದಕ್ಕೆ ಸೀಲ್, ಪಿಸ್ಟನ್, ಸಿಲಿಂಡರ್, ಸೈಲೆನ್ಸರ್ ಹೊಸದು ಹಾಕಿ, ಪ್ಯಾಕಿಂಗ್ ಜಾಗದಲ್ಲಿ ಪ್ಯಾಕಿಂಗನ್ನೇ ಕೂರಿಸಿ, 20 ಇಂಚಿನ ಬಾರ್ ಮತ್ತು ಚೂಪು ಚೈನ್ ಕೊಟ್ಟರು. ಯಾವ ಪಿಕಪ್ಪೂ ಇಲ್ಲದೆ ಅದು ಈಗ ಒಣ ಹುಣಸೆಯನ್ನು ದಪ್ಪ ದಪ್ಪ ಹೊಟ್ಟು ಉದುರಿಸುತ್ತಾ ಕೊಯ್ಯುತ್ತಿದೆ. ಖರ್ಚು ಮಾತ್ರ ಗ್ಯಾರೇಜಿಗೆ ಕೊಟ್ಟಿದ್ದರ ನಾಲ್ಕು ಪಟ್ಟು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಹೀಗೆ ಕೆಟ್ಟ ಮಷೀನ್‌ಗಳು ಪಿಸ್ಟನ್ ಉಜ್ಜಿಸಿಕೊಂಡು ‘ಫುಲ್ ಪಿಕಪ್’ ಅಂತ ಮಾರಾಟಕ್ಕೆ ಬರುತ್ತವೆ. ಕೊಳ್ಳುವ ಮುಂಚೆ ಸೈಲೆನ್ಸರ್ ಬಿಚ್ಚಿಸಿ. ಬರೀ ಒಂದೆರಡು ಬೋಲ್ಟ್, ಐದು ನಿಮಿಷದ ಕೆಲಸ. ಆ ಪೋರ್ಟಿನಿಂದ ಮೊಬೈಲ್ ಟಾರ್ಚ್ ಹಾಕಿ ಪಿಸ್ಟನ್ ನೋಡಿ. ಉದ್ದ ಗೀರು ಕಂಡರೆ ಬೇಡ. ಬಿಚ್ಚೋಕೆ ಒಪ್ಪದಿದ್ದರೂ ಬೇಡ.