ಕಪ್ಪಗಿದ್ದ ಮಾತ್ರಕ್ಕೆ ಅದು ಮೋಲಿ ಗ್ರೀಸ್ ಅಲ್ಲ, ಜೆಸಿಬಿ ಇಟ್ಟವರು ದಯವಿಟ್ಟು ಓದಿ

ಜೆಸಿಬಿ, ಇಟಾಚಿ ಇಟ್ಟುಕೊಂಡು ದುಡಿಯುವವರು ಇದನ್ನು ಪೂರ್ತಿ ಓದಿ. ಬರೆಯಲು ನಾಚಿಕೆ ಆಗುತ್ತಿದೆ. ಹನ್ನೊಂದು ವರ್ಷದಿಂದ ಗಾಡಿ ಇಟ್ಟಿದ್ದೇನೆ, ಒಂದು ಡಬ್ಬ ಗ್ರೀಸ್ ತಗೊಂಡು ಮೋಸ ಹೋದೆ ಅಂತ ಮನೆಯಲ್ಲೂ ಸರಿಯಾಗಿ ಹೇಳಿರಲಿಲ್ಲ. ಆದರೆ ಹೋದ ವಾರ ನಮ್ಮ ಕಡೆಯವರೇ ಒಬ್ಬರ ಗಾಡಿ ಪಕ್ಕದಲ್ಲಿ ಅದೇ ಡಬ್ಬ ಕಂಡೆ. ಹೊಟ್ಟೆ ಉರಿದುಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮಾರ್ಚ್‌ನಲ್ಲಿ ಹಿರಿಯೂರು ಕಡೆ ಕೆರೆ ಹೂಳೆತ್ತುವ ಕೆಲಸ ಸಿಕ್ಕಿತ್ತು. ಆ ಕೆಲಸ ಹೇಗಿರುತ್ತೆ ಗೊತ್ತಲ್ಲ, ಮೇಲೆ ಒಣ ಧೂಳು, ಎರಡಡಿ ಕೆಳಗೆ ಅಂಟು ಕೆಸರು, ಬಕೆಟ್ಟಿನ ಕೀಲಿನ ಪಿನ್ನು, ಅದು ಕೂರುವ ಬುಷ್ಷು ಇಡೀ ದಿನ ಅದರಲ್ಲೇ ಮುಳುಗಿ ಏಳುತ್ತಿರುತ್ತವೆ. ದಿನಾ ಬೆಳಿಗ್ಗೆ ಗ್ರೀಸ್ ಹೊಡೆಯಲೇಬೇಕು, ಕೆಸರಿದ್ದರೆ ಸಂಜೆ ಇನ್ನೊಂದು ಸಲ. ನಾನು ಯಾವಾಗಲೂ ತರುವುದು ಮೋಲಿ ಇಪಿ2, ಅಂದರೆ ಮಾಲಿಬ್ಡಿನಂ ಪುಡಿ ಬೆರೆಸಿದ, ಭಾರಿ ಒತ್ತಡ ತಡೆಯುವ ಕಪ್ಪು ಗ್ರೀಸ್. ಆಗ 18 ಕೆಜಿ ಡಬ್ಬಕ್ಕೆ ಆರೂವರೆ ಸಾವಿರದ ಹತ್ತಿರ ಆಗುತ್ತಿತ್ತು. ಅವತ್ತು ನಾನು ತರುವ ಕಡೆ ಸ್ಟಾಕ್ ಇರಲಿಲ್ಲ. ಗಾಡಿ ನಿಲ್ಲಿಸೋ ಹಾಗಿಲ್ಲ. ಹೈವೇ ಪಕ್ಕದ ಒಂದು ಆಯಿಲ್ ಅಂಗಡಿಗೆ ಹೋದೆ.

ಆತ ಕೂರಿಸಿ ಟೀ ತರಿಸಿದ. "ಅಣ್ಣಾ, ಅದೇ ಮಾಲು. ಕಂಪನಿ ಹೆಸರಿಗೆ ನೀವು ಎರಡು ಸಾವಿರ ಜಾಸ್ತಿ ಕೊಡ್ತಾ ಇದ್ದೀರಿ ಅಷ್ಟೇ" ಅಂದ. ಮುಚ್ಚಳ ತೆಗೆದು ಬೆರಳು ಅದ್ದಿ ತೋರಿಸಿದ. "ನೋಡಿ ಹೆಂಗೆ ಕಪ್ಪಗಿದೆ, ಪಕ್ಕಾ ಮೋಲಿ." ಡಬ್ಬದ ಮೇಲೆ ಹಸಿರು ಸ್ಟಿಕರ್, ಅದರಲ್ಲಿ ಮೋಲಿ ಅಂತಲೂ ಇತ್ತು, ಇಪಿ2 ಅಂತಲೂ ಇತ್ತು. ರೇಟು 4,200. ಬಿಲ್ ಕೇಳಿದೆ. "ಬಿಲ್ ಹಾಕಿದ್ರೆ 18 ಪರ್ಸೆಂಟ್ ಜಿಎಸ್‌ಟಿ ಸೇರುತ್ತೆ ಅಣ್ಣಾ, ನಿಮಗೇ ಲಾಸು" ಅಂದ. ಬಿಳಿ ಚೀಟಿ ತಗೊಂಡು ಬಂದೆ. ಆ ಚೀಟಿಯಲ್ಲಿ ಅಂಗಡಿ ಹೆಸರೂ ಇಲ್ಲ, ಸುಮ್ನೆ "ಗ್ರೀಸ್ 1" ಅಂತ ಬರೆದು ದುಡ್ಡು ಬರೆದಿದೆ.

ಹನ್ನೆರಡು ದಿನಕ್ಕೆ ಬಕೆಟ್ ಹತ್ತಿರ ಕಿರ್ ಕಿರ್ ಶಬ್ದ ಶುರುವಾಯಿತು. ಮಧ್ಯಾಹ್ನ ಪಿನ್ನಿನ ಹತ್ತಿರ ಕೈ ಇಟ್ಟರೆ ಸುಡುತ್ತಿತ್ತು. ಬುಡದಲ್ಲಿ ಗ್ರೀಸ್ ಕರಗಿ ಎಣ್ಣೆ ಹಾಗೆ ತೊಟ್ಟಿಕ್ಕುತ್ತಿತ್ತು. ಅಂಗಡಿಗೆ ಫೋನ್ ಮಾಡಿದೆ. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಹೆಲ್ಪರ್ ಹುಡುಗರು ಹೊಡೆಯೋದೇ ಇಲ್ಲ ಅಣ್ಣಾ, ಹೊಡೆದೆ ಅಂತ ಸುಳ್ಳು ಹೇಳ್ತಾರೆ, ಎಲ್ಲಾ ಕಡೆ ಇದೇ ಕಥೆ" ಅಂದ.

ನಾನು ನಂಬಿಬಿಟ್ಟೆ. ಇದೇ ನನಗೆ ಈಗಲೂ ಸುಡುತ್ತಿರುವುದು. ಹುಡುಗನನ್ನು ಎಲ್ಲರ ಮುಂದೆ ಬೈದೆ, ಎರಡು ದಿನದ ಕೂಲಿ ಹಿಡಿದೆ. ಅವನು ಎದುರು ಮಾತಾಡಲಿಲ್ಲ. ಡಬ್ಬ ಎತ್ತಿಕೊಂಡು ಬಂದು ನನ್ನ ಮುಂದೆ ಇಟ್ಟು, "ನೋಡಣ್ಣಾ ಎಷ್ಟು ಖಾಲಿ ಆಗಿದೆ" ಅಂದ. ಹೊಡೆಯದೇ ಇದ್ದರೆ ಗ್ರೀಸ್ ಎಲ್ಲಿಗೆ ಹೋಯಿತು? ಅಷ್ಟು ಯೋಚನೆ ಮಾಡುವ ತಾಳ್ಮೆ ನನಗೆ ಇರಲಿಲ್ಲ. ಮಾರನೇ ದಿನ ಅವನು ಊರಿಗೆ ಹೋದ. ಆಮೇಲೆ ನಾನೇ ನಿಂತು ಗ್ರೀಸ್ ಹೊಡೆದೆ, ಗ್ರೀಸ್ ತುಂಬುವ ಒಂದು ನಿಪ್ಪಲ್ಲೂ ಬಿಡದೆ, ಹೊಸ ಗ್ರೀಸ್ ಹೊರಗೆ ಬರುವವರೆಗೆ. ಶಬ್ದ ನಿಲ್ಲಲಿಲ್ಲ. ಆಗಲಾದರೂ ಗೊತ್ತಾಗಬೇಕಿತ್ತು, ಅಲ್ವಾ? ಬಾಡಿಗೆ ನಡೀತಿದೆ ಅಂತ ಮತ್ತೆ ಮೂರು ವಾರ ಓಡಿಸಿದೆ.

ಐದನೇ ವಾರಕ್ಕೆ ಬಕೆಟ್ ಎತ್ತಿದರೆ ಟಕ್ ಅಂತ ಅಲ್ಲಾಡುತ್ತಿತ್ತು, ಅಷ್ಟು ಆಟ ಬಂದಿತ್ತು. ಲೇತ್ ಮೇಸ್ತ್ರಿ ಹತ್ತಿರ ಒಯ್ದೆ. ಪಿನ್ನು ಹೊರಗೆ ಬರಲಿಲ್ಲ, ಗ್ಯಾಸ್‌ನಲ್ಲಿ ಕಾಯಿಸಿ ಸುತ್ತಿಗೆಯಲ್ಲಿ ಹೊಡೆದು ತೆಗೆದರು. ಬಂದ ಪಿನ್ನು ನೋಡಿದರೆ ಒಂದು ಕಡೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆಗಳು, ಲೋಹ ಕಿತ್ತು ಇನ್ನೊಂದು ಕಡೆ ಮೆತ್ತಿಕೊಂಡಿದೆ. ಬುಷ್ಷು ಮೊಟ್ಟೆ ಆಕಾರ ಆಗಿತ್ತು. ಮೇಸ್ತ್ರಿ ಪಿನ್ನು ಬಿಟ್ಟು ಮೊದಲು ಕೇಳಿದ್ದು, "ಯಾವ ಗ್ರೀಸ್ ಹಾಕ್ತಿದ್ದೀಯಪ್ಪಾ?"

ಡಬ್ಬ ಗಾಡಿಯಲ್ಲೇ ಇತ್ತು. ಅವರು ಟೀ ಅಂಗಡಿಯಿಂದ ಕುದಿಯುವ ನೀರು ಸ್ಟೀಲ್ ಲೋಟದಲ್ಲಿ ತರಿಸಿ, ನನ್ನ ಗ್ರೀಸ್ ಗೋಲಿಯಷ್ಟು ಹಾಕಿದರು. ಪಕ್ಕದ ಲೋಟದಲ್ಲಿ ಅವರ ಮೋಲಿ ಗ್ರೀಸ್. ಅವರದು ಹಾಕಿದ ಹಾಗೇ ಉಂಡೆಯಾಗಿ ಕೂತಿತ್ತು. ನನ್ನದು ನೋಡ್ತಾ ನೋಡ್ತಾ ಸಡಿಲವಾಗಿ ಹರಡಿಕೊಂಡು ಮೇಲೆ ಎಣ್ಣೆ ತೇಲಿತು. "ಇದು ಕ್ಯಾಲ್ಸಿಯಂ ಸೋಪಿನ ಚಾಸಿ ಗ್ರೀಸ್. ಕಪ್ಪು ಬಂದಿರೋದು ಗ್ರಾಫೈಟ್‌ನಿಂದ. ಲಾರಿ ಸ್ಪ್ರಿಂಗ್ ಪ್ಲೇಟಿಗೆ ಬಳಿಯೋದು" ಅಂದರು. ಗ್ರೀಸ್ ಅಂದರೆ ಸೋಪು ಸೇರಿಸಿ ಗಟ್ಟಿ ಮಾಡಿದ ಎಣ್ಣೆ. ಹಳೆ ಕಾಲದ ಕ್ಯಾಲ್ಸಿಯಂ ಗ್ರೀಸ್ ನೀರಿಗೆ ಜಗ್ಗುವುದಿಲ್ಲ, ಆದರೆ 100 ಡಿಗ್ರಿ ಹತ್ತಿರ ಬಂದರೆ ಕರಗಿಹೋಗುತ್ತದೆ. ಮೋಲಿ ಗ್ರೀಸ್ ಸಾಮಾನ್ಯವಾಗಿ ಲಿಥಿಯಂ ಸೋಪಿನದು, ಅದು ಕರಗಲು 180 ದಾಟಬೇಕು, ಲಿಥಿಯಂ ಕಾಂಪ್ಲೆಕ್ಸ್ ಇನ್ನೂ ಮೇಲೆ.

ಆಮೇಲೆ ಅವರು ಆ ಹಸಿರು ಸ್ಟಿಕರ್ ಮೂಲೆಯನ್ನು ಉಗುರಿನಲ್ಲಿ ಕೆರೆದರು. ಡೀಸೆಲ್ ಬಟ್ಟೆಯಲ್ಲಿ ಒರೆಸಿ ಎಳೆದರು. ಕೆಳಗೆ ಡಬ್ಬದ ಮೇಲೇ ಪ್ರಿಂಟ್ ಆಗಿತ್ತು: ಚಾಸಿ ಗ್ರೀಸ್. ಐದು ವಾರ ನಾನು ದಿನಾ ಆ ಡಬ್ಬ ನೋಡಿದ್ದೇನೆ. ಸ್ಟಿಕರ್‌ನಲ್ಲಿ ತಯಾರಿಸಿದವರ ವಿಳಾಸ ಇಲ್ಲ, ಬ್ಯಾಚ್ ಇಲ್ಲ, ತಿಂಗಳು ವರ್ಷ ಇಲ್ಲ, ಎಂಆರ್‌ಪಿ ಇಲ್ಲ. ಒಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಲ್ಲಿ ನಿಂತವರೆಲ್ಲ ನನ್ನ ಮುಖ ನೋಡುತ್ತಿದ್ದರು. ನನಗೆ ಆ ಹುಡುಗನ ಮುಖ ನೆನಪಾಗುತ್ತಿತ್ತು.

ಡಬ್ಬ ತಗೊಂಡು ನೇರ ಅಂಗಡಿಗೆ ಹೋದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ನಿಮಗೂ ಇದೇ ಹೇಳುತ್ತಾರೆ.

ಮೊದಲು, "ಗ್ರೀಸ್ ಅಂದ್ರೆ ಗ್ರೀಸೇ ಅಣ್ಣಾ, ಏನು ವ್ಯತ್ಯಾಸ?" ಸ್ಟಿಕರ್ ತೋರಿಸಿದೆ. "ನಾವು ಅಂಟಿಸಿಲ್ಲ, ನಮಗೆ ಮೇಲಿಂದ ಹಂಗೇ ಬರುತ್ತೆ." ಮೇಲಿನವರ ನಂಬರ್ ಕೊಡಿ ಅಂದೆ. "ಈ ಡಬ್ಬ ನಮ್ಮ ಅಂಗಡಿದೇ ಅಂತ ಏನು ಗ್ಯಾರಂಟಿ ಸಾರ್? ಬಿಲ್ ಇದೆಯಾ?" ಅಲ್ಲಿವರೆಗೆ ಅಣ್ಣಾ ಆಗಿದ್ದವನು ಅಲ್ಲಿಂದ ಸಾರ್ ಆದೆ. ಬಿಲ್ ಬೇಡ ಅಂದಿದ್ದು ನೀನೇ ಅಲ್ವಾ ಅಂದರೆ ಮೊಬೈಲ್ ನೋಡಿಕೊಂಡು ಕೂತ. ಕೊನೆಗೆ ಹೇಳಿದ, "ಆರು ಸಾವಿರದ ಮಾಲು ನಾಲ್ಕು ಸಾವಿರಕ್ಕೆ ಬರುತ್ತಾ ಸಾರ್? ತಗೋವಾಗ ನೀವು ಯೋಚನೆ ಮಾಡಬೇಕಿತ್ತು." ಮಾರಿದವನೇ ಹೀಗೆ ಹೇಳುತ್ತಾನೆ! ಹೊರಡುವಾಗ ಕೂಗಿ ಕರೆದು ಇನ್ನೊಂದು ಡಬ್ಬ 500 ಕಡಿಮೆಗೆ ಕೊಡುತ್ತೇನೆ ಅಂದ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ, ಅಲ್ಲಿಯೂ ಬಿಲ್ ಕೇಳಿದರು. ಸ್ವಂತ ದುಡಿಮೆಯ ಗಾಡಿಗೆ ತಗೊಂಡಿದ್ದರೆ ಕಾನೂನಿನಲ್ಲಿ ನಾವೂ ಗ್ರಾಹಕರೇ, ಆದರೆ ಕೈಯಲ್ಲಿ ಕಾಗದ ಇರಬೇಕು. ನನ್ನ ಹತ್ತಿರ "ಗ್ರೀಸ್ 1" ಇದೆ.

ಪಿನ್ನು, ಬುಷ್ಷು, ವೆಲ್ಡಿಂಗ್, ಬೋರಿಂಗ್ ಸೇರಿ 58,000. ಆರು ದಿನ ಗಾಡಿ ನಿಂತಿತು, ಕೆರೆ ಕೆಲಸ ಬೇರೆಯವರ ಪಾಲಾಯಿತು. ಉಳಿಸಿದ್ದು ಎರಡು ಸಾವಿರದ ಮುನ್ನೂರು.

ನನಗೆ ಗೊತ್ತಾಗಿದ್ದು ಇಷ್ಟು. ಪಿನ್ನು ಬೇರಿಂಗ್ ಹಾಗೆ ಗಿರ್ರನೆ ತಿರುಗುವುದಿಲ್ಲ, ಸ್ವಲ್ಪ ಹೋಗಿ ವಾಪಸ್ ಬರುತ್ತದೆ, ಅದೂ ಟನ್‌ಗಟ್ಟಲೆ ಭಾರದ ಕೆಳಗೆ. ಎಣ್ಣೆ ಪದರ ಅಲ್ಲಿ ನಿಲ್ಲುವುದಿಲ್ಲ. ಪದರ ಹರಿದಾಗ ಲೋಹಕ್ಕೆ ಲೋಹ ಕಚ್ಚದ ಹಾಗೆ ತಡೆಯುವುದು ಇಪಿ (ಭಾರಿ ಒತ್ತಡಕ್ಕೆ ಅಂತ ಸೇರಿಸುವ ರಾಸಾಯನಿಕ) ಮತ್ತು ಮೋಲಿ, ಅಂದರೆ ಮಾಲಿಬ್ಡಿನಂ ಡೈಸಲ್ಫೈಡ್ ಪುಡಿ. ಪಿನ್ನಿಗೆ ಮೋಲಿ ಶೇ 3ರಿಂದ 5 ಇರಬೇಕು, ಎಷ್ಟಿದೆ ಅಂತ ಕಂಪನಿಯ ಡೇಟಾ ಶೀಟ್ ಕೇಳಿ. ಇಪಿ2ರಲ್ಲಿ 2 ಅಂದರೆ ಗಟ್ಟಿತನ ಮಾತ್ರ, 3 ಅಂದರೆ ಜಾಸ್ತಿ ಒಳ್ಳೆಯದು ಅಂತಲ್ಲ. ಜೋರಾಗಿ ತಿರುಗುವ ಬೇರಿಂಗಿಗೆ ಇಷ್ಟು ಮೋಲಿ ಬೇಡ, ಅದಕ್ಕೆ ಬೇರೆ ಗ್ರೀಸ್, ನಿಮ್ಮ ಗಾಡಿಯ ಪುಸ್ತಕ ನೋಡಿ. ಗ್ರೀಸ್ ಬದಲಾಯಿಸಿದರೆ ಹಳೆಯದು ಪೂರ್ತಿ ಹೊರಗೆ ಬರುವವರೆಗೆ ಹೊಡೆಯಿರಿ. ಮತ್ತೆ ಬಿಲ್, ಬಿಲ್, ಬಿಲ್.

ಹುಡುಗನ ಊರಿಗೆ ಹೋಗಿ ಅವರ ಅಮ್ಮನ ಎದುರು ತಪ್ಪಾಯಿತು ಅಂತ ಹೇಳಿ ಕೂಲಿ ಕೊಟ್ಟು ಬಂದೆ. ಇನ್ನೂ ವಾಪಸ್ ಬಂದಿಲ್ಲ. ಬೇರೆ ಕಡೆ ಸೇರಿಕೊಂಡಿದ್ದಾನಂತೆ.

ಡಬ್ಬ ಬಿಳಿ, ಮುಚ್ಚಳ ನೀಲಿ, ಹಸಿರು ಸ್ಟಿಕರ್ ಸ್ವಲ್ಪ ಓರೆಯಾಗಿ ಅಂಟಿಸಿರುತ್ತಾರೆ, ಸ್ಟಿಕರ್ ಅಂಚಿನಲ್ಲಿ ಹಳೆ ಪ್ರಿಂಟಿನ ಕೆಂಪು ಗೆರೆ ಇಣುಕುತ್ತಿರುತ್ತದೆ. ಶಿರಾ, ಹಿರಿಯೂರು, ಚಳ್ಳಕೆರೆ ಕಡೆಯವರು ಈಗಲೇ ಹೋಗಿ ನಿಮ್ಮ ಡಬ್ಬ ಒಮ್ಮೆ ಕೆರೆದು ನೋಡಿ.