ತಂಬೂರಿ ಕೇಳಿಸಬೇಕು: ಪಾಠದ ಮನೆಗೆ ಒಂದು ಸಿಡಿ ಪ್ಲೇಯರ್

ಕುಂಬಳೆಯ ನಮ್ಮ ಮನೆಯ ಚಾವಡಿಯಲ್ಲಿ ವಾರಕ್ಕೆ ನಾಲ್ಕು ದಿನ ಸಂಗೀತ ಪಾಠ ನಡೆಯುತ್ತದೆ. ಗೋಡೆಯ ಕಪಾಟಿನಲ್ಲಿ ಸುಮಾರು 300 ಸಿಡಿಗಳಿವೆ. ಮೇಲಿನ ಸಾಲುಗಳಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ, ಲಾಲ್ಗುಡಿ ಜಯರಾಮನ್, ಬಾಲಮುರಳಿಕೃಷ್ಣ, ಆರ್.ಕೆ. ಶ್ರೀಕಂಠನ್, ಕದ್ರಿ ಗೋಪಾಲನಾಥ್. ಕೆಳಗಿನ ಸಾಲಿನಲ್ಲಿ ನಮ್ಮ ಊರ ಕಡೆಯ ಕಛೇರಿಗಳು. ಜಾತ್ರೆಗೋ ನವರಾತ್ರಿಗೋ ಹಾಡಿದ್ದನ್ನು ಯಾರಾದರೂ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಸಿಡಿಗೆ ಬರೆದು ಕೊಟ್ಟದ್ದು. ನನ್ನ ಗುರುಗಳು ಹಾಡಿದ್ದೂ ಅದರಲ್ಲಿ ಎರಡಿದೆ. ಅವು ಅಂಗಡಿಯಲ್ಲಿ ಸಿಗುವುದಿಲ್ಲ. ಫೋನಿನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಸಂಜೆ ಮಳೆಗೆ ಬಡಿದ ಸಿಡಿಲಿಗೆ ಹಳೆಯ ಡಿವಿಡಿ ಪ್ಲೇಯರ್ ಹೋಯಿತು. ಪ್ಲಗ್ ತೆಗೆಯಲು ಮರೆತಿದ್ದೆವು. ಆಂಪ್ಲಿಫೈಯರ್ ಮತ್ತು ಸ್ಪೀಕರ್ ಉಳಿದವು, ಅದೇ ಪುಣ್ಯ. "ಇನ್ನು ಸಿಡಿ ಯಾಕೆ ಟೀಚರ್, ಎಲ್ಲಾ ಫೋನಿನಲ್ಲಿ ಉಂಟಲ್ಲ" ಎಂದು ಮಕ್ಕಳ ಅಮ್ಮಂದಿರು ಹೇಳಿದರು. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ ಇರುವುದು ಅರ್ಧ ದಿನ. ಅದು ಇದ್ದರೂ ನನ್ನ ಗುರುಗಳು ಅಲ್ಲಿಲ್ಲ, ಅಲ್ವಾ? ಹಾಗಾಗಿ ಈ ಸಲ ಸಿಡಿ ಓದುವುದಕ್ಕೆಂದೇ ಮಾಡಿದ ಪ್ಲೇಯರ್ ತೆಗೆದುಕೊಳ್ಳುವುದು ಎಂದು ನಿಶ್ಚಯ ಮಾಡಿದೆ. ಎರಡು ತಿಂಗಳು ವಿಚಾರಿಸಿ, ಕೊನೆಗೆ ಯಮಾಹಾ ಸಿಡಿ-ಎಸ್303 ತಂದೆ. ಈಗ ಒಂದು ಪೂರ್ತಿ ಮಳೆಗಾಲ ಅದರ ಜೊತೆ ಕಳೆದಿದ್ದೇನೆ.

ಮೊದಲು ಸಿಡಿಯ ಬಗ್ಗೆಯೇ ಒಂದು ಮಾತು. ಪಾಠ ಹೇಳುವವರಿಗೆ ಇದು ಬಹಳ ದೊಡ್ಡ ವಿಷಯ. ನಾನು ಕಲಿಯುವಾಗ ಇದ್ದದ್ದು ಕ್ಯಾಸೆಟ್. ಟೇಪ್ ರೆಕಾರ್ಡರಿನ ಬೆಲ್ಟ್ ಸಡಿಲವಾದರೆ ಐದು ಮನೆ ಶ್ರುತಿಯ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯನ್ನು ಷಡ್ಜ ಮಾಡಿ ಹಾಡಿದ ಹಾಡು, ನಾಲ್ಕೂವರೆಗೆ ಇಳಿಯುತ್ತಿತ್ತು. ಅದರ ಜೊತೆ ಹಾಡಿ ಅಭ್ಯಾಸ ಮಾಡಲು ಆಗುತ್ತಿರಲಿಲ್ಲ. ಸಿಡಿಯಲ್ಲಿ ಆ ಕಷ್ಟ ಇಲ್ಲ. ಸಿಡಿ ಒಳಗಿನಿಂದ ಹೊರಗೆ ಓದಿಕೊಂಡು ಹೋಗುತ್ತದೆ. ನಡುವಿನಲ್ಲಿ ಓದುವಾಗ ನಿಮಿಷಕ್ಕೆ ಸುಮಾರು 500 ಸುತ್ತು, ಅಂಚಿಗೆ ಬರುವಾಗ ಸುಮಾರು 200. ತಿರುಗುವ ವೇಗ ಹೀಗೆ ಬದಲಾಗುತ್ತಲೇ ಇದ್ದರೂ ಶ್ರುತಿ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಓದಿದ್ದೆಲ್ಲ ಮೊದಲು ಒಂದು ಸಣ್ಣ ಮೆಮೊರಿಯಲ್ಲಿ ಕೂರುತ್ತದೆ. ಅಲ್ಲಿಂದ ಸೆಕೆಂಡಿಗೆ 44,100 ಸಲ, ಕ್ವಾರ್ಟ್ಜ್ ಹರಳಿನ ತಾಳಕ್ಕೆ ಸರಿಯಾಗಿ ಹೊರಗೆ ಬರುತ್ತದೆ. ಸೋನಿ ಮತ್ತು ಫಿಲಿಪ್ಸ್ ಸೇರಿ ಮಾಡಿದ ಈ ಲೆಕ್ಕ 1982ರಲ್ಲಿ ಮೊದಲ ಪ್ಲೇಯರ್ ಮಾರಾಟಕ್ಕೆ ಬಂದಾಗ ಹೇಗಿತ್ತೋ ಇವತ್ತಿಗೂ ಹಾಗೇ ಇದೆ.

ಹಾಗಾದರೆ ಡಿವಿಡಿ ಪ್ಲೇಯರ್ ಸಾಲದೇ? ಹತ್ತು ವರ್ಷ ಅದರಲ್ಲೇ ಕೇಳಿದವಳು ನಾನು. ಸಾಲದು. ಟಿವಿ ಹಾಕದೆ ಯಾವ ಹಾಡು, ಎಷ್ಟನೇ ಸೆಕೆಂಡು ಎಂದು ಗೊತ್ತಾಗುತ್ತಿರಲಿಲ್ಲ. ಕಛೇರಿಯ ಸಿಡಿಯಲ್ಲಿ ಆಲಾಪನೆ ಒಂದು ಟ್ರ್ಯಾಕ್, ಕೃತಿ ಇನ್ನೊಂದು ಟ್ರ್ಯಾಕ್ ಇರುತ್ತದಲ್ಲ, ಆ ಎರಡರ ನಡುವೆ ನಮ್ಮ ಪ್ಲೇಯರ್ ಒಂದು ಕ್ಷಣ ಬಾಯಿ ಮುಚ್ಚುತ್ತಿತ್ತು. ತಂಬೂರಿ ಕಡಿದು ಮತ್ತೆ ಶುರುವಾಗುತ್ತಿತ್ತು. ಅದನ್ನು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತಿತ್ತು.

ಅದಕ್ಕಿಂತ ಕಷ್ಟದ್ದು ಗುಂಯ್ ಎನ್ನುವ ಸದ್ದು. ನಮ್ಮ ಕರೆಂಟು 50 ಹರ್ಟ್ಸ್. ಸ್ಪೀಕರಿನಲ್ಲಿ ಬರುವ ಗುಂಯ್ ಹೆಚ್ಚಾಗಿ ಅದರ ಇಮ್ಮಡಿ, 100 ಹರ್ಟ್ಸ್. ನನ್ನ ಶ್ರುತಿ ಐದು ಮನೆ. ಅದರ ಮಂದ್ರ ಷಡ್ಜ, ಅಂದರೆ ಕೆಳಗಿನ ಸ್ಥಾಯಿಯ 'ಸ', 98 ಹರ್ಟ್ಸ್. ಅಂದರೆ ಷಡ್ಜಕ್ಕಿಂತ ಚೂರು ಮೇಲೆ ಇನ್ನೊಂದು ಷಡ್ಜ ಸದಾ ಮೊಳಗುತ್ತಿದೆ! ಬೇರೆಯವರಿಗೆ ಅದು ಬರೀ ಸದ್ದು. ಐದು ಮನೆಯಲ್ಲಿ ಹಾಡಲು ಕೂತ ಹುಡುಗಿಗೆ ಅದು ತಪ್ಪು ಶ್ರುತಿ. ಅದಕ್ಕೇ ನಾನು ಯಾವ ಪ್ಲೇಯರನ್ನು ನೋಡಿದರೂ ಮೊದಲು ಕೇಳುವುದು ಹಾಡನ್ನಲ್ಲ, ಹಾಡು ಶುರುವಾಗುವ ಮೊದಲಿನ ತಂಬೂರಿಯನ್ನು. ಅದರ ಹಿಂದೆ ಬೇರೆ ಏನೂ ಇರಬಾರದು.

ನನ್ನ ಎದುರು ಇದ್ದ ದಾರಿಗಳು ಕೆಲವು. ಸೋದರಮಾವ ಶಾರ್ಜಾದಿಂದ ತಂದ ಸೆಟ್ ಒಂದು ಅಟ್ಟದಲ್ಲಿದೆ. ಕಾಸರಗೋಡಿನ ಕಡೆ ಅಂಥ ಗಲ್ಫ್ ಸೆಟ್ ಇಲ್ಲದ ಮನೆ ಕಡಿಮೆ. ಅದರ ಲೇಸರ್ ಕಣ್ಣು ಮಂಕಾಗಿದೆ. ರಿಪೇರಿಯವರು ಬಿಚ್ಚಿ ನೋಡಿ, ಈ ಕಣ್ಣು ಈಗ ಸಿಗುವುದಿಲ್ಲ ಎಂದರು. ಹಳೆಯ ಪ್ಲೇಯರ್ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವ ಆಲೋಚನೆ ಅಲ್ಲಿಗೇ ಬಿಟ್ಟೆ. ಎಷ್ಟು ಒಳ್ಳೆಯ ಹೆಸರಿನದ್ದಾದರೂ, ಆ ಕಣ್ಣು ಸಿಗದಿದ್ದರೆ ಅದು ಬರೀ ಪೆಟ್ಟಿಗೆ.

ಕೇಂಬ್ರಿಡ್ಜ್ ಆಡಿಯೋದ ಸಿಎಕ್ಸ್‌ಸಿ ಥರದ್ದೂ ಇದೆ. ಅದನ್ನು ಟ್ರಾನ್ಸ್‌ಪೋರ್ಟ್ ಎನ್ನುತ್ತಾರೆ. ಸಿಡಿ ಓದಿ ಅಂಕಿಗಳನ್ನು ಹೊರಗೆ ಕೊಡುತ್ತದೆ, ಅಷ್ಟೇ. ಅಂಕಿಯನ್ನು ಸಂಗೀತ ಮಾಡುವ ಡ್ಯಾಕ್ ಬೇರೆ ಬೇಕು. ಆಂಪ್ಲಿಫೈಯರಿನಲ್ಲೇ ಒಳ್ಳೆಯ ಡ್ಯಾಕ್ ಇರುವವರಿಗೆ ಅದು ಸರಿ. ಮರಾಂಟ್ಜ್ ಸಿಡಿ6007 ಕೇಳಿದೆ, ಬಹಳ ಇಷ್ಟವಾಯಿತು. ಎದುರಿಗೇ ಹೆಡ್‌ಫೋನ್ ಹಾಕುವ ಜಾಗ ಇದೆ. ಆದರೆ ಬೆಲೆ ನನ್ನ ಕೈಗೆ ಎಟುಕುವುದಕ್ಕಿಂತ ಜಾಸ್ತಿ. ಯಮಾಹಾ ಮೂವತ್ತು ಸಾವಿರದ ಆಚೀಚೆ ಮುಗಿಯಿತು.

ಮಂಗಳೂರಿನ ಅಂಗಡಿಗೆ ರೈಲಿನಲ್ಲಿ ಹೋಗುವಾಗ ಚೀಲದಲ್ಲಿ ಮೂರು ಸಿಡಿ ಇಟ್ಟುಕೊಂಡಿದ್ದೆ. ಅಂಗಡಿಯ ಹುಡುಗ ತುಂಬಾ ಮರ್ಯಾದೆಯವನು. "ಮೇಡಂ, ಒಳಗೆ ಯಾವ ಚಿಪ್ ಉಂಟು ಅಂತ ನೋಡಿ" ಎಂದು ಒಂದೊಂದರ ಅಂಕಿ ಹೇಳತೊಡಗಿದ. ನಾನು, "ಅದು ಆಮೇಲೆ ನೋಡುವ, ಮೊದಲು ಇದನ್ನು ಹಾಕಪ್ಪ" ಎಂದು ಗೀರು ಬಿದ್ದ ಸಿಡಿ ಕೊಟ್ಟೆ.

ಯಾಕೆಂದರೆ ಈಗಿನ ಯಾವ ಒಳ್ಳೆಯ ಪ್ಲೇಯರಿನಲ್ಲೂ ಆ ಚಿಪ್, ಅಂದರೆ ಡ್ಯಾಕ್, ಕೆಟ್ಟದ್ದಿರುವುದಿಲ್ಲ. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಸಣ್ಣದು. ಸ್ಪೀಕರನ್ನು ಗೋಡೆಯಿಂದ ಒಂದಡಿ ಮುಂದೆ ತಂದರೆ ಆಗುವ ಬದಲಾವಣೆ ಅದಕ್ಕಿಂತ ದೊಡ್ಡದು. ನಿಜವಾದ ವ್ಯತ್ಯಾಸ ಕಾಣುವುದು ಓದುವುದರಲ್ಲಿ. ಗೀರು ಬಿದ್ದ ಕಡೆ ಕಳೆದುಹೋದದ್ದನ್ನು ಲೆಕ್ಕ ಹಾಕಿ ತುಂಬಿಕೊಳ್ಳುವ ಏರ್ಪಾಡು ಎಲ್ಲ ಸಿಡಿಯಲ್ಲೂ ಇದೆ. ಆದರೆ ಲೇಸರ್ ಸಾಲು ತಪ್ಪದೆ ಹಿಡಿದುಕೊಂಡರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಒಂದು ಸಾಲಿಗೂ ಮುಂದಿನ ಸಾಲಿಗೂ ಇರುವ ಅಂತರ 1.6 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ ಆರುನೂರಕ್ಕಿಂತ ಜಾಸ್ತಿ ಸಾಲು! ಅದನ್ನು ಹಿಡಿಯುವುದು ಆ ಪುಟ್ಟ ಕಣ್ಣಿನ ಕೆಲಸ.

ಗೀರಿನ ಸಿಡಿಯಲ್ಲಿ ಯಮಾಹಾ ಒಮ್ಮೆಯೂ ಎಡವಲಿಲ್ಲ. ಎರಡನೆಯದ್ದು ಮನೆಯಲ್ಲಿ ಬರೆದ ಸಿಡಿ. ಇದು ಕಷ್ಟದ ಪರೀಕ್ಷೆ. ಅಂಗಡಿಯ ಸಿಡಿಯಲ್ಲಿ ಒತ್ತಿ ಮಾಡಿದ ಪುಟ್ಟ ಪುಟ್ಟ ಕುಳಿಗಳಿರುತ್ತವೆ. ಮನೆಯಲ್ಲಿ ಬರೆದದ್ದರಲ್ಲಿ ಬಣ್ಣದ ಪದರವನ್ನು ಲೇಸರಿನಲ್ಲಿ ಸುಟ್ಟ ಗುರುತು ಮಾತ್ರ. ವರ್ಷ ಕಳೆದ ಹಾಗೆ ಆ ಬಣ್ಣ ಮಾಸುತ್ತದೆ. ಹಾಕಿದ ಮೇಲೆ ಸ್ವಲ್ಪ ಹೊತ್ತು ತಡಕಾಡಿತು, ಆಮೇಲೆ ಓದಿತು. ಕೊನೆಯ ಟ್ರ್ಯಾಕಿನವರೆಗೂ ಓದಿಸಿದೆ, ಏಕೆಂದರೆ ಅಂಚಿನಲ್ಲೇ ಹೆಚ್ಚು ತೊಂದರೆ ಬರುವುದು. ಮೂರನೆಯದ್ದು ತಂಬೂರಿಯದ್ದು. ಅಂಗಡಿಯ ಏಸಿ ನಿಲ್ಲಿಸಲು ಹೇಳಿದೆ. ಹುಡುಗ ಪಾಪ, ಫ್ಯಾನನ್ನೂ ನಿಲ್ಲಿಸಿದ. ವಾಲ್ಯೂಮ್ ಏರಿಸಿ, ಟ್ರ್ಯಾಕಿನ ಕೊನೆಗೆ ತಂಬೂರಿ ಕರಗುವುದನ್ನು ಕೇಳಿದೆವು. ಕರಗಿತು, ಮತ್ತೆ ಏನೂ ಇರಲಿಲ್ಲ. ಆಗಲೇ ನನ್ನ ಮನಸ್ಸು ತೀರ್ಮಾನ ಮಾಡಿತ್ತು.

ಕೇಳಿ ನೋಡುವವರು ಒಂದು ಎಚ್ಚರ ಇಟ್ಟುಕೊಳ್ಳಿ. ಸಿಡಿ ಪ್ಲೇಯರಿನಿಂದ ಹೊರಗೆ ಬರುವುದು ಸಾಮಾನ್ಯವಾಗಿ 2 ವೋಲ್ಟ್. ಫೋನಿನಿಂದ ಅದಕ್ಕಿಂತ ಕಡಿಮೆ. ಹಾಗಾಗಿ ವಾಲ್ಯೂಮ್ ಮುಟ್ಟದೆ ಬದಲಾಯಿಸಿದರೆ ಸಿಡಿ ಜೋರಾಗಿ ಕೇಳಿಸುತ್ತದೆ. ಜೋರಾಗಿದ್ದದ್ದು ಒಳ್ಳೆಯದು ಅನಿಸುವುದು ಕಿವಿಯ ಸ್ವಭಾವ. ಎರಡನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿ.

ಮನೆಗೆ ತಂದ ಮೇಲೆ ಕೆಂಪು-ಬಿಳಿ ವಯರಿನಲ್ಲಿ ಜೋಡಿಸಿದೆ. ನಮ್ಮ ಆಂಪ್ಲಿಫೈಯರಿಗೆ ಅಂಕಿಗಳನ್ನು ಬೆಳಕಿನಲ್ಲಿ ಸಾಗಿಸುವ ಆಪ್ಟಿಕಲ್ ವಯರೂ ಹಾಕಬಹುದು. ಅದನ್ನೂ ಹಾಕಿ ನೋಡಿದೆ. ವೀಣೆಯ ಸಿಡಿಯಲ್ಲಿ ಎರಡರ ನಡುವೆ ನನಗೆ ಭೇದ ಗೊತ್ತಾಗಲಿಲ್ಲ. ಸುಮ್ನೆ ದುಬಾರಿ ವಯರಿಗೆ ದುಡ್ಡು ಹಾಕಬೇಡಿ. ಗುಂಯ್ ಸದ್ದು ಇದ್ದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ಥಿಂಗ್ ನೋಡಿಸಿ. ನಮ್ಮಲ್ಲಿ ಅರ್ಧ ದೋಷ ಅಲ್ಲೇ ಇತ್ತು. ಅಂಗಳದ ಅರ್ಥ್ ಗುಂಡಿ ಬೇಸಗೆಯಲ್ಲಿ ಪೂರ್ತಿ ಒಣಗಿ ಹೋಗಿತ್ತು.

ಪಾಠಕ್ಕೆ ಇದರ ದೊಡ್ಡ ಉಪಕಾರ ಎದುರಿನ ಅಂಕಿಗಳು. ನಿಮಿಷ, ಸೆಕೆಂಡು ಸ್ಪಷ್ಟವಾಗಿ ಕಾಣುತ್ತದೆ. ಕೃತಿಯ ಒಂದೇ ಸಾಲನ್ನು ಬೇರೆ ಬೇರೆ ರೀತಿಯಲ್ಲಿ ಹಾಡುವುದಕ್ಕೆ ಸಂಗತಿ ಎನ್ನುತ್ತೇವೆ; ಒಂದೊಂದು ಸಂಗತಿ ಎಲ್ಲಿ ಬರುತ್ತದೆ ಎಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಟ್ರ್ಯಾಕ್ 3, 4 ನಿಮಿಷ 12 ಸೆಕೆಂಡು ಎಂದು ನೋಡಿ ರಿಮೋಟಿನಲ್ಲಿ ಅಲ್ಲಿಗೆ ಹೋಗುತ್ತೇನೆ. ಮಕ್ಕಳು ಕೇಳುತ್ತಾರೆ, ಹಾಡುತ್ತಾರೆ, ಮತ್ತೆ ಹಿಂದೆ. ಫೋನಿನಲ್ಲಿ ಹೀಗೆ ಮಾಡುವಾಗ ಬೆರಳು ಜಾರಿ ಎಲ್ಲೆಲ್ಲಿಗೋ ಹೋಗುತ್ತದೆ, ನಡುವೆ ಯಾರದ್ದಾದರೂ ಕರೆ ಬರುತ್ತದೆ. ಇಲ್ಲಿ ಅದಿಲ್ಲ. ಪ್ಯೂರ್ ಡೈರೆಕ್ಟ್ ಎಂಬ ಗುಂಡಿಯೂ ಇದೆ. ಒತ್ತಿದರೆ ಎದುರಿನ ಬೆಳಕು ಮತ್ತು ಡಿಜಿಟಲ್ ಔಟ್‌ಪುಟ್ ಆರಿಹೋಗುತ್ತವೆ. ಪಾಠದ ಹೊತ್ತಿಗೆ ಅದನ್ನು ಒತ್ತುವುದಿಲ್ಲ. ರಾತ್ರಿ ಒಬ್ಬಳೇ ಕೇಳುವಾಗ ಒತ್ತುತ್ತೇನೆ, ಕತ್ತಲಲ್ಲಿ ಕೇಳುವುದು ನನಗಿಷ್ಟ. ಎದುರಿನ ಯುಎಸ್‌ಬಿಗೆ ಪೆನ್‌ಡ್ರೈವ್ ಹಾಕಿದರೆ ಎಂಪಿ3 ಕೂಡ ಹಾಡುತ್ತದೆ.

ಇದರಲ್ಲಿ ಹೆಡ್‌ಫೋನ್ ಜಾಕ್ ಇಲ್ಲ. ನಮ್ಮ ಆಂಪ್ಲಿಫೈಯರಿನಲ್ಲಿ ಇರುವ ಕಾರಣ ನನಗೆ ನಡೆಯಿತು. ಹೆಡ್‌ಫೋನಿನಲ್ಲೇ ಜಾಸ್ತಿ ಕೇಳುವವರಾದರೆ ಸ್ವಲ್ಪ ಕಾದು, ದುಡ್ಡು ಕೂಡಿಸಿ ಸಿಡಿ6007 ತೆಗೆದುಕೊಳ್ಳುವುದೇ ವಾಸಿ.

ನಮ್ಮ ಕರಾವಳಿಯ ತೇವಕ್ಕೆ ಕೆಲವು ಅಭ್ಯಾಸ ಮಾಡಿಕೊಂಡಿದ್ದೇನೆ. ಜೂನ್‌ನಿಂದ ದಿನಾ ಅರ್ಧ ಗಂಟೆಯಾದರೂ ಪ್ಲೇಯರ್ ಹಾಕಿಡುತ್ತೇನೆ, ಒಳಗೆ ಚೂರು ಬಿಸಿ ಇದ್ದರೆ ಲೆನ್ಸಿನ ಮೇಲೆ ತೇವ ಕೂರುವುದಿಲ್ಲ. ಗುಡುಗು ದೂರದಲ್ಲಿ ಕೇಳಿದರೂ ಪ್ಲಗ್ ತೆಗೆಯುತ್ತೇವೆ. ಬೂಸರು ಹಿಡಿದ ಸಿಡಿಯನ್ನು ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ನೀರಿಗೆ ಹಾಕಿ ತೊಳೆದು, ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಬೇಕು. ಸುತ್ತ ಒರೆಸಬಾರದು. ಅಡ್ಡ ಬಿದ್ದ ಗೀರು ಒಂದೊಂದು ಸಾಲಿನಿಂದ ಸ್ವಲ್ಪ ಸ್ವಲ್ಪ ಕದಿಯುತ್ತದೆ, ಪ್ಲೇಯರ್ ಅದನ್ನು ತುಂಬಿಕೊಳ್ಳುತ್ತದೆ. ಸಾಲಿನ ಉದ್ದಕ್ಕೆ ಬಿದ್ದದ್ದು ಒಂದೇ ಕಡೆ ಉದ್ದಕ್ಕೆ ಅಳಿಸಿಹಾಕುತ್ತದೆ. ಮತ್ತೆ, ಹೆಸರು ಬರೆದ ಬದಿಯನ್ನು ಇನ್ನೂ ಜೋಪಾನ ಮಾಡಿ. ಹೊಳೆಯುವ ಪದರ ಇರುವುದು ಆ ಬದಿಯ ತೆಳು ಬಣ್ಣದ ಕೆಳಗೇ. ಅಲ್ಲಿ ಕಿತ್ತುಹೋದರೆ ಯಾವ ಪ್ಲೇಯರೂ ಓದಲಾರದು.

ಕಳೆದ ವಾರ ಕರೆಂಟು ಸರಿಯಾಗಿದ್ದ ಒಂದು ರಾತ್ರಿ, ಗುರುಗಳ 2004ರ ನವರಾತ್ರಿಯ ಸಿಡಿ ಹಾಕಿದೆ. ಬೆಳಕು ಆರಿಸಿದ್ದೆ. ಕಲ್ಯಾಣಿ ಆಲಾಪನೆ ತಾರಸ್ಥಾಯಿಯಿಂದ ಇಳಿದು ಬಂದು, ಅವರು ಉಸಿರು ತೆಗೆದುಕೊಳ್ಳುವುದು ಕೇಳಿಸಿತು. ಹಿಂದೆ ತಂಬೂರಿ ಒಂದೇ ಒಂದು ಸಲ ತಡವಾಗಿ, ಕೂಡಲೇ ಮತ್ತೆ ಸರಿಯಾಯಿತು. ಹಳೆಯ ಪ್ಲೇಯರಿನಲ್ಲಿ ಇದು ಯಾವತ್ತೂ ಕೇಳಿಸಿರಲಿಲ್ಲ. ಎದ್ದು ದೀಪ ಹಾಕಿ, ಪುಸ್ತಕದಲ್ಲಿ ಬರೆದೆ: ಟ್ರ್ಯಾಕ್ 5, 8 ನಿಮಿಷ 20 ಸೆಕೆಂಡು. ಅವತ್ತು ಅವರ ಹಿಂದೆ ತಂಬೂರಿ ಹಿಡಿದು ಕೂತಿದ್ದವಳು ನಾನು.